ನಮ್ಮ ಎಸ್ಟೇಟ್ ಕೆಡವೋ ಪ್ಲಾನ್‌ಗೆ ಆಕ್ಷೇಪಣೆ ಬರೆದದ್ದು ಹೀಗೆ

ಲಂಡನ್ನಿನಲ್ಲಿ ಮನೆ ಕೊಂಡಿರುವ ನಮ್ಮವರಲ್ಲಿ ಎಷ್ಟೋ ಜನ ಎಕ್ಸ್-ಕೌನ್ಸಿಲ್ ಫ್ಲ್ಯಾಟ್‌ಗಳಲ್ಲಿ ಇದ್ದಾರೆ. ಕೌನ್ಸಿಲ್ ಅಂದರೆ ನಮ್ಮ ಪಾಲಿಕೆ ಥರದ ಸ್ಥಳೀಯ ಆಡಳಿತ, ಅದು ಬಾಡಿಗೆಗೆ ಕೊಡಲು ಕಟ್ಟಿಸಿದ ಬ್ಲಾಕುಗಳ ಗುಂಪಿಗೆ ಎಸ್ಟೇಟ್ ಅಂತಾರೆ. ರೇಟು ಸ್ವಲ್ಪ ಕಡಿಮೆ, ರೂಮು ದೊಡ್ಡದು, ಗೋಡೆ ಗಟ್ಟಿ. 1980ರ ಹೌಸಿಂಗ್ ಕಾಯ್ದೆ ಬಂದ ಮೇಲೆ ಬಾಡಿಗೆಗೆ ಇದ್ದವರೇ ರಿಯಾಯಿತಿಯಲ್ಲಿ ಕೊಂಡು ಆಮೇಲೆ ಮಾರಿದ ಮನೆಗಳು ಇವು. ನಾನೂ ಅಂಥದ್ದೇ ಒಂದು ಕೊಂಡೆ. ಇದರಲ್ಲಿ ಒಂದು ತಕರಾರಿದೆ. ನೆಲ ಕೌನ್ಸಿಲ್‌ನದ್ದು, ನಮ್ಮದು ಬರೀ ಲೀಸ್, ಅಂದರೆ ದುಡ್ಡು ಕೊಟ್ಟು ಕೊಂಡ ದೀರ್ಘಾವಧಿ ಗುತ್ತಿಗೆ. ಈ ಹಳೇ ಬ್ಲಾಕುಗಳನ್ನು ಕೆಡವಿ ಎತ್ತರಕ್ಕೆ ಕಟ್ಟೋಣ ಅಂತ ಕೌನ್ಸಿಲ್‌ಗೆ ಅನ್ನಿಸಿದರೆ, ಬಾಡಿಗೆಯವರೂ ಲೀಸ್‌ನವರೂ ಒಟ್ಟಿಗೇ ಸಿಕ್ಕಿಕೊಳ್ಳುತ್ತೇವೆ.

ನಮ್ಮಲ್ಲಿ ಅದೇ ಆಯಿತು. ಮೂರು ಬ್ಲಾಕು ಕೆಡವೋದು, ನಮ್ಮ ಬ್ಲಾಕು ಉಳಿಸೋದು, ಎದುರಿಗೆ 14 ಮಹಡಿ ಏಳಿಸೋದು. ಇದಕ್ಕೆ ನಾನು ಆಕ್ಷೇಪಣೆ ಹೇಗೆ ಬರೆದೆ, ಯಾವುದು ನಾಟಿತು, ಯಾವುದು ಗಾಳಿಗೆ ಹೋಯಿತು ಅಂತ ಇಲ್ಲಿ ಬರೆಯುತ್ತಿದ್ದೇನೆ. ಕೌನ್ಸಿಲ್ ಯಾವುದು ಅಂತ ಹೇಳಲ್ಲ, ಅದು ಇಲ್ಲಿ ಮುಖ್ಯವೂ ಅಲ್ಲ. ಊರು ಬದಲಾದರೂ ನಡೆಯೋ ರೀತಿ ಹೆಚ್ಚುಕಡಿಮೆ ಒಂದೇ.

ಮೊದಲು ಒಂದು ವಿಷಯ ತಲೆಗೆ ಹಾಕಿಕೊಳ್ಳಿ. ಕೌನ್ಸಿಲ್ ಇಲ್ಲಿ ಎರಡು ಪಾತ್ರದಲ್ಲಿ ಇರುತ್ತೆ. ಮನೆ ಮಾಲೀಕನಾಗಿ 'ಕೆಡವೋಣ' ಅಂತ ತನ್ನ ಕ್ಯಾಬಿನೆಟ್‌ನಲ್ಲಿ (ಕೌನ್ಸಿಲ್ ನಡೆಸೋ ಕೌನ್ಸಿಲರ್‌ಗಳ ಸಭೆ) ನಿರ್ಧಾರ ಮಾಡುತ್ತೆ. ಆಮೇಲೆ ಕಟ್ಟಡಗಳಿಗೆ ಒಪ್ಪಿಗೆ ಕೊಡೋ ತನ್ನದೇ ಪ್ಲಾನಿಂಗ್ ವಿಭಾಗಕ್ಕೆ ತಾನೇ ಅರ್ಜಿ ಹಾಕುತ್ತೆ. ಅರ್ಜಿ ಹಾಕಿದವರೂ ಅವರೇ, ಒಪ್ಪಿಗೆ ಕೊಡೋರೂ ಅವರೇ. ಕೇಳಿದರೆ ನಗು ಬರುತ್ತೆ, ಆದರೆ ಕಾನೂನಿನಲ್ಲಿ ಇದಕ್ಕೆ ಅವಕಾಶ ಇದೆ, ಮತ್ತು ಎರಡೂ ಬೇರೆ ಬೇರೆ ಜನ, ಬೇರೆ ಬೇರೆ ನಿಯಮ. ನಮ್ಮ ಅಕ್ಕಪಕ್ಕದವರು ಇದನ್ನು ಕಲಸಿಬಿಟ್ಟಿದ್ದರು. ಪ್ಲಾನಿಂಗ್‌ನವರಿಗೆ ಹೋಗೋ ಪತ್ರದಲ್ಲಿ 'ನೀವು ಲಿಫ್ಟ್ ರಿಪೇರಿ ಮಾಡಲಿಲ್ಲ, ಮೀಟಿಂಗಿನಲ್ಲಿ ಸುಳ್ಳು ಹೇಳಿದಿರಿ' ಅಂತ ಬರೆದಿದ್ದರು. ಸಿಟ್ಟು ನ್ಯಾಯವಾದದ್ದೇ. ಆದರೆ ಪ್ಲಾನಿಂಗ್ ಅಧಿಕಾರಿ ಅದನ್ನು ಓದಿ ಪಕ್ಕಕ್ಕೆ ಇಡುತ್ತಾರೆ, ಇಡಲೇಬೇಕು.

ಮಾಲೀಕನ ಹಂತದಲ್ಲಿ ನಮ್ಮ ಕೈಲಿ ಇರೋದು ಮತ. 2018ರ ಜುಲೈನಿಂದ ಲಂಡನ್ ಮೇಯರ್ ಒಂದು ಷರತ್ತು ಹಾಕಿದ್ದಾರೆ. ಎಸ್ಟೇಟ್‌ನಲ್ಲಿ ಮನೆ ಕೆಡವಿ 150ಕ್ಕಿಂತ ಕಮ್ಮಿಯಿಲ್ಲದಂತೆ ಹೊಸ ಮನೆ ಕಟ್ಟೋದಾದರೆ, ಮತ್ತು ಅದಕ್ಕೆ ಮೇಯರ್ ಕಡೆಯ ದುಡ್ಡು ಬೇಕಾದರೆ, ನಿವಾಸಿಗಳ ಮತದಾನದಲ್ಲಿ ಗೆಲ್ಲಬೇಕು. ಕೌನ್ಸಿಲ್ ಬಾಡಿಗೆದಾರರಿಗೆ ಮತ ಇದೆ. ವರ್ಷದಿಂದ ಅಲ್ಲೇ ವಾಸ ಇರೋ ಲೀಸ್‌ಹೋಲ್ಡರ್‌ಗೂ ಇದೆ. ಮನೆ ಕೊಂಡು ಬೇರೆಯವರಿಗೆ ಬಾಡಿಗೆಗೆ ಕೊಟ್ಟವರಿಗೆ ಇಲ್ಲ. ಆ ಖಾಸಗಿ ಬಾಡಿಗೆಯವರು ಕೂಡ ವರ್ಷದಿಂದ ಕೌನ್ಸಿಲ್‌ನ ಹೌಸಿಂಗ್ ರಿಜಿಸ್ಟರ್‌ನಲ್ಲಿ (ಕೌನ್ಸಿಲ್ ಮನೆಗೆ ಕಾಯೋರ ಪಟ್ಟಿ) ಇದ್ದರೆ ಮಾತ್ರ ಹಾಕಬಹುದು. ಇಂಥ ಮತದಾನಗಳಲ್ಲಿ ಬಹುತೇಕ 'ಹೌದು' ಅಂತಲೇ ಬಂದಿದೆ. ನಮ್ಮಲ್ಲೂ ಹಾಗೇ ಬಂತು. ಗೋಡೆಗೆ ಬೂಷ್ಟು ಹಿಡಿದ ಮನೆಯಲ್ಲಿ ಮಕ್ಕಳನ್ನು ಸಾಕುತ್ತಿರೋರಿಗೆ ಹೊಸ ಮನೆ ಕೊಡ್ತೀವಿ ಅಂದರೆ ಬೇಡ ಅಂತಾರಾ? ನಾನು ಅವರನ್ನು ದೂರಲ್ಲ.

ಒಂದು ಹಳೇ ಕೇಸು ಎಲ್ಲರೂ ತಿಳಿದಿರಬೇಕು. ಲ್ಯಾಂಬೆತ್‌ನ ಕ್ರೆಸ್ಸಿಂಗ್‌ಹ್ಯಾಮ್ ಗಾರ್ಡನ್ಸ್. ಅಲ್ಲಿನ ಕೌನ್ಸಿಲ್ ಜನರ ಅಭಿಪ್ರಾಯ ಕೇಳುತ್ತಾ ಇರುವಾಗಲೇ, ನಡುವೆ, ರಿಪೇರಿ ಮಾಡೋ ಆಯ್ಕೆಗಳನ್ನೇ ತೆಗೆದುಹಾಕಿತು. 2015ರಲ್ಲಿ ಹೈಕೋರ್ಟ್ 'ಇದು ತಪ್ಪು' ಅಂತ ನಿರ್ಧಾರವನ್ನೇ ರದ್ದು ಮಾಡಿತು. ಮುಂದಿನ ವರ್ಷ ಕೌನ್ಸಿಲ್ ಮತ್ತೆ ಅಭಿಪ್ರಾಯ ಕೇಳಿ, ಮತ್ತೆ ಕೆಡವೋ ನಿರ್ಧಾರವನ್ನೇ ಮಾಡಿತು. ಅಲ್ಲಿಗೆ ಕೋರ್ಟ್ ಗೆಲುವು ಅಂದರೆ ಎಷ್ಟು ಅಂತ ಗೊತ್ತಾಗುತ್ತೆ, ಅಲ್ವಾ? ಸಮಯ ಸಿಗುತ್ತೆ, ಕೆಲವೊಮ್ಮೆ ಒಳ್ಳೆ ಷರತ್ತು ಸಿಗುತ್ತೆ.

ಇನ್ನು ಪ್ಲಾನಿಂಗ್ ಹಂತ. ಒಂದು ದಿನ ಲ್ಯಾಂಪ್ ಪೋಸ್ಟಿಗೆ ನೋಟಿಸ್ ಕಟ್ಟಿರುತ್ತಾರೆ. ಮನೆಗೂ ಪತ್ರ ಬರಬಹುದು. 21 ದಿನ ಟೈಮು. ಆಮೇಲೆ ಬಂದ ಪತ್ರವನ್ನೂ ಸಾಮಾನ್ಯವಾಗಿ ತೀರ್ಮಾನ ಆಗೋವರೆಗೆ ತಗೋತಾರೆ, ಆದರೆ ಅದನ್ನೇ ನಂಬಿಕೊಂಡು ಕೂರಬೇಡಿ. ಅರ್ಜಿ ನಂಬರ್ ಹಾಕಿ ಕೌನ್ಸಿಲ್ ವೆಬ್‌ಸೈಟಿನಲ್ಲಿ ನೋಡಿದರೆ ರಾಶಿ ರಾಶಿ ಪಿಡಿಎಫ್. ಎಲ್ಲ ಓದಲು ಹೋದರೆ ಹುಚ್ಚು ಹಿಡಿಯುತ್ತೆ. ನಾನು ಓದಿದ್ದು ನಾಲ್ಕೇ: ಪ್ಲಾನಿಂಗ್ ಸ್ಟೇಟ್‌ಮೆಂಟ್, ಬೆಳಕಿನ ವರದಿ, ಅಫೋರ್ಡಬಲ್ ಹೌಸಿಂಗ್ (ಮಾರುಕಟ್ಟೆಗಿಂತ ಕಡಿಮೆ ದರದ ಮನೆಗಳು) ಲೆಕ್ಕ, ಮತ್ತು ಕಟ್ಟಡಗಳ ಅಂತರ ತೋರಿಸೋ ನಕ್ಷೆ.

ಏನು ಬರೆಯಬಾರದು ಅನ್ನೋದು ಮೊದಲು. ನಮ್ಮ ಮನೆ ಬೆಲೆ ಬೀಳುತ್ತೆ, ಬಾಲ್ಕನಿಯಿಂದ ಕಾಣೋ ನೋಟ ಹೋಗುತ್ತೆ, ಕಟ್ಟುವಾಗ ಗಲಾಟೆ ಆಗುತ್ತೆ. ಈ ಮೂರಕ್ಕೂ ತೂಕ ಇಲ್ಲ. ತೂಕ ಇರೋದು ಬೆಳಕು, ಖಾಸಗಿತನ, ಎತ್ತರ, ಟ್ರಾಫಿಕ್, ಮರ, ಆಟದ ಜಾಗ, ಇರೋ ಮನೆಗಳ ನಷ್ಟ, ಇಂಥವಕ್ಕೆ. ಅದೂ ಸುಮ್ನೆ ಹೇಳಿದರೆ ಆಗಲ್ಲ. ಕೌನ್ಸಿಲ್‌ನ ಲೋಕಲ್ ಪ್ಲಾನ್, ಇಡೀ ಊರಿಗೆ ಮೇಯರ್ ಮಾಡಿದ 2021ರ ಲಂಡನ್ ಪ್ಲಾನ್, ಇವುಗಳಲ್ಲಿ ಯಾವ ನೀತಿಗೆ ಇದು ಒಪ್ಪಲ್ಲ ಅಂತ ನಂಬರ್ ಸಮೇತ ಬರೆಯಬೇಕು. ಕಾನೂನಿನ ಪ್ರಕಾರ ಪ್ಲಾನಿಂಗ್ ತೀರ್ಮಾನ ಈ ಪ್ಲಾನ್‌ಗಳಿಗೆ ಹೊಂದಿರಬೇಕು, ಹೊಂದದಿದ್ದರೆ ಯಾಕೆ ಅಂತ ಕಾರಣ ಕೊಡಬೇಕು. ನೀತಿಯ ನಂಬರ್ ಕಂಡರೆ ಅಧಿಕಾರಿ ಉತ್ತರ ಬರೆಯಲೇಬೇಕಾಗುತ್ತೆ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಬೆಳಕಿನ ವರದಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಬಿಆರ್‌ಇ ಅನ್ನೋ ಕಟ್ಟಡ ಸಂಶೋಧನಾ ಸಂಸ್ಥೆಯ ಒಂದು ಮಾರ್ಗಸೂಚಿ ಇದೆ, 2022ರಲ್ಲಿ ಅದರ ಮೂರನೇ ಆವೃತ್ತಿ ಬಂದಿದೆ. ಕಿಟಕಿಯ ನಡುಮಧ್ಯದಲ್ಲಿ ನಿಂತು ನೋಡಿದರೆ ಎಷ್ಟು ಆಕಾಶ ಸಿಗುತ್ತೆ ಅನ್ನೋದರ ಲೆಕ್ಕ ಅದು. ಏನೂ ಅಡ್ಡ ಇಲ್ಲದಿದ್ದರೂ ಗೋಡೆಯಲ್ಲಿರೋ ಕಿಟಕಿಗೆ 40%ರ ಹತ್ತಿರ ಸಿಕ್ಕರೆ ಹೆಚ್ಚು. 27% ಇದ್ದರೆ ಒಳ್ಳೆಯದು. ಹೊಸ ಕಟ್ಟಡ ಬಂದ ಮೇಲೆ ಅದಕ್ಕಿಂತ ಕೆಳಗಿಳಿದು, ಜೊತೆಗೆ ಮೊದಲಿದ್ದದ್ದರ 0.8 ಪಾಲಿಗಿಂತಲೂ ಕಡಿಮೆ ಆದರೆ, ಒಳಗಿರೋರಿಗೆ ವ್ಯತ್ಯಾಸ ಗೊತ್ತಾಗುತ್ತೆ ಅಂತ ಅರ್ಥ. ವರದಿಯ ಕೊನೆಯಲ್ಲಿ ಸಣ್ಣ ಅಕ್ಷರದ ಟೇಬಲ್ ಇರುತ್ತೆ. ಪ್ರತಿ ಕಿಟಕಿಗೆ ಒಂದು ಸಾಲು. ನಮ್ಮ ಬ್ಲಾಕಿನ ಸಾಲುಗಳನ್ನು ಹುಡುಕಿ ಹಿಡಿದೆ. ನಮ್ಮ ಹಾಲಿನ ಕಿಟಕಿ: ಈಗ 26, ಆಮೇಲೆ 14. ಅಂದರೆ ಹತ್ತಿರ ಹತ್ತಿರ ಅರ್ಧ. ಪಠ್ಯದಲ್ಲಿ ಮಾತ್ರ 'ನಗರ ಪ್ರದೇಶದಲ್ಲಿ ಇದು ಸಹಜ' ಅಂತ ಒಂದೇ ವಾಕ್ಯ.

ಆದರೆ ಮಜಾ ಇದ್ದದ್ದು ಪಕ್ಕದ ಕಾಲಂನಲ್ಲಿ. ನಮ್ಮ ಹಾಲು ಅಲ್ಲಿ 'ಬೆಡ್‌ರೂಮ್' ಅಂತ ಇತ್ತು! ಕನ್ಸಲ್ಟೆಂಟ್‌ಗಳು ಯಾರ ಮನೆಯೊಳಗೂ ಬಂದಿರಲಿಲ್ಲ, ಹೊರಗಿಂದ ನೋಡಿ ಅಂದಾಜಿನ ಮೇಲೆ ರೂಮು ಹಾಕಿದ್ದರು. ಬೆಡ್‌ರೂಮಿಗೆ ಬೆಳಕು ಕಡಿಮೆಯಾದರೆ ಅಷ್ಟು ತಲೆಕೆಡಿಸಿಕೊಳ್ಳಲ್ಲ ಅಂತ ಅದೇ ಮಾರ್ಗಸೂಚಿಯಲ್ಲಿ ಇದೆ. ಹಾಗಾಗಿ ಆ ಒಂದು ಪದದಿಂದ ನಮ್ಮ ಮೇಲೆ ಕೆಳಗೆ ಒಂದೇ ನೇರದಲ್ಲಿರೋ ಅಷ್ಟೂ ಮನೆಗಳ ನಷ್ಟ ಸಣ್ಣದಾಗಿ ಕಾಣುತ್ತಿತ್ತು. ಲೀಸ್ ಜೊತೆ ಬಂದಿದ್ದ ಫ್ಲೋರ್ ಪ್ಲಾನ್ ಸ್ಕ್ಯಾನ್ ಮಾಡಿದೆ. ಮೇಲಿನವರದ್ದು, ಕೆಳಗಿನವರದ್ದು ಕೇಳಿ ತಗೊಂಡೆ. ಮಧ್ಯಾಹ್ನದ ಹೊತ್ತು ಹಾಲಿನಲ್ಲಿ ಲೈಟ್ ಹಾಕದೆ ತೆಗೆದ ಫೋಟೋ ಕೂಡ ಸೇರಿಸಿದೆ. 'ಈ ಸಾಲುಗಳಲ್ಲಿ ರೂಮಿನ ಬಳಕೆ ತಪ್ಪಾಗಿದೆ, ಸರಿಪಡಿಸಿ ಮತ್ತೆ ಲೆಕ್ಕ ಹಾಕಿಸಿ' ಅಂತ ಅಷ್ಟೇ ಬರೆದೆ. ಬೈಗುಳ ಇಲ್ಲ, ಭಾವುಕತೆ ಇಲ್ಲ. ಕೆಲವು ವಾರ ಬಿಟ್ಟು ಪರಿಷ್ಕೃತ ವರದಿ ಬಂತು. ಇಡೀ ಪತ್ರದಲ್ಲಿ ಕೆಲಸ ಮಾಡಿದ್ದು ಈ ಒಂದು ಪುಟ ಅಂತ ನನ್ನ ನಂಬಿಕೆ.

ಎರಡನೇದು ಮನೆಗಳ ಲೆಕ್ಕ. ಲಂಡನ್ ಪ್ಲಾನ್‌ನ ಎಚ್8 ನೀತಿ ಏನು ಹೇಳುತ್ತೆ ಅಂದರೆ, ಎಸ್ಟೇಟ್ ಕೆಡವಿದರೆ ಹೋಗೋ ಅಫೋರ್ಡಬಲ್ ಮನೆಗಳಿಗೆ ಕನಿಷ್ಠ ಅಷ್ಟೇ ವಿಸ್ತೀರ್ಣದ ಮನೆಗಳು ವಾಪಸ್ ಬರಬೇಕು. ವಿಸ್ತೀರ್ಣ ಅನ್ನೋದನ್ನು ಗಮನಿಸಿ. ಕರಪತ್ರದಲ್ಲಿ ಯಾವಾಗಲೂ ಮನೆಗಳ ಸಂಖ್ಯೆ ದೊಡ್ಡದಾಗಿ ಬರೆದಿರುತ್ತಾರೆ. ಮೂರು ಬೆಡ್‌ರೂಮಿನದ್ದು ತೆಗೆದು ಒಂದು ಬೆಡ್‌ರೂಮಿನದ್ದು ಕಟ್ಟಿದರೆ ಸಂಖ್ಯೆ ತಾನಾಗೇ ಏರುತ್ತೆ. ನಾನು ಎಕ್ಸೆಲ್‌ನಲ್ಲಿ ಹಳೇದು, ಹೊಸದು, ಎಷ್ಟು ಬೆಡ್‌ರೂಮು, ಎಷ್ಟು ಚದರ ಮೀಟರ್, ಯಾವ ಥರದ ಬಾಡಿಗೆ ಅಂತ ಪಕ್ಕಪಕ್ಕ ಹಾಕಿದೆ. 'ಸೋಷಿಯಲ್ ರೆಂಟ್' ಮತ್ತು 'ಅಫೋರ್ಡಬಲ್ ರೆಂಟ್' ಎರಡೂ ಒಂದೇ ಅಂದುಕೊಳ್ಳಬೇಡಿ. ಮೊದಲನೇದು ಕೌನ್ಸಿಲ್ ಮನೆಗಳ ಕಡಿಮೆ ಬಾಡಿಗೆ, ಎರಡನೇದು ಮಾರುಕಟ್ಟೆ ಬಾಡಿಗೆಯ 80% ತನಕ ಹೋಗಬಹುದು. ಬಸ್ ಓಡಿಸೋ ಮನುಷ್ಯನಿಗೆ ಈ ಊರಲ್ಲಿ ಅದು ಹೆಸರಿಗೆ ಮಾತ್ರ ಅಫೋರ್ಡಬಲ್.

ಲೀಸ್‌ಹೋಲ್ಡರ್‌ಗಳ ಪರಿಹಾರದ ವಿಷಯ ಬೇಗ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಪ್ಲಾನಿಂಗ್ ಪತ್ರಕ್ಕೆ ಸೇರಿದ್ದಲ್ಲ. ಕಂಪಲ್ಸರಿ ಪರ್ಚೇಸ್ (ಕಡ್ಡಾಯವಾಗಿ ಸ್ವಾಧೀನ ಮಾಡ್ಕೊಳ್ಳೋದು) ಆದರೆ ಮಾರುಕಟ್ಟೆ ಬೆಲೆ, ಅದರ ಮೇಲೆ ಅಲ್ಲೇ ವಾಸ ಇರೋರಿಗೆ ಮನೆ ಕಳಕೊಂಡದ್ದಕ್ಕೆ 10% 'ಹೋಂ ಲಾಸ್' ಪರಿಹಾರ, ಅದಕ್ಕೊಂದು ಮಿತಿ, ಜೊತೆಗೆ ಸಾಗಾಟದ ಖರ್ಚು. ಕಷ್ಟ ಏನಂದರೆ ಆ ದುಡ್ಡಿಗೆ ಅದೇ ಏರಿಯಾದಲ್ಲಿ ಮನೆ ಸಿಗಲ್ಲ. ಸೌತ್‌ವಾರ್ಕ್‌ನ ಆಯ್ಲ್ಸ್‌ಬರಿ ಎಸ್ಟೇಟ್‌ನಲ್ಲಿ ಇದೇ ದೊಡ್ಡ ವಿಷಯವಾಗಿ 2016ರಲ್ಲಿ ಸಚಿವರು ಕಂಪಲ್ಸರಿ ಪರ್ಚೇಸ್‌ಗೆ ಒಪ್ಪಿಗೆಯನ್ನೇ ಕೊಡಲಿಲ್ಲ. ಆಮೇಲೆ ಇನ್ನೊಂದು ವಿಚಾರಣೆ ಆಗಿ ಒಪ್ಪಿಗೆ ಸಿಕ್ಕಿತು, ಆ ಮಾತು ಬೇರೆ. ನಮ್ಮ ಎದುರು ಬ್ಲಾಕಿನ ಲೀಸ್‌ಹೋಲ್ಡರ್‌ಗಳಿಗೆ ನಾನು ಹೇಳಿದ್ದು ಒಂದೇ: ಕೌನ್ಸಿಲ್ ಕಳಿಸೋ ವ್ಯಾಲ್ಯುವರ್ ಸಾಕು ಅನ್ನಬೇಡಿ, ನಿಮ್ಮದೇ ಸರ್ವೇಯರ್ ಇಟ್ಟುಕೊಳ್ಳಿ, ಆ ಫೀಸು ಅವರು ಕೊಡ್ತಾರಾ ಅಂತ ಮೊದಲೇ ಬರವಣಿಗೆಯಲ್ಲಿ ಕೇಳಿ.

ಜನರನ್ನು ಸೇರಿಸೋದು ಬೇರೆಯೇ ಕೆಲಸ. ಒಂದೇ ಒಕ್ಕಣೆಯ ಪತ್ರಕ್ಕೆ ನೂರು ಜನ ಸಹಿ ಹಾಕಿದರೆ ಅಧಿಕಾರಿಗೆ ಅದು 'ಹಾಡಿದ್ದೇ ಹಾಡೋ ಕಿಸಬಾಯಿದಾಸ'. ಅದರ ಬದಲು ಒಬ್ಬೊಬ್ಬರೂ ತಮಗೆ ಗೊತ್ತಿರೋದನ್ನೇ ಬರೆದರೆ ಒಳ್ಳೆಯದು. ಮೂರನೇ ಮಹಡಿಯ ಜಮೈಕಾದ ಅಜ್ಜಿ ಕಮ್ಯುನಿಟಿ ಹಾಲ್ ಬಗ್ಗೆ ಬರೆದರು, ಕೈಬರಹದಲ್ಲೇ. ಸೋಮವಾರ ಯಾರು ಬರುತ್ತಾರೆ, ಊಟ ಯಾರು ಮಾಡುತ್ತಾರೆ, ಹಾಲ್ ಮುಚ್ಚಿದರೆ ಅವರೆಲ್ಲ ಎಲ್ಲಿ ಹೋಗುತ್ತಾರೆ ಅಂತ. ನಾನು ಅದನ್ನು ಟೈಪ್ ಕೂಡ ಮಾಡಲಿಲ್ಲ, ಫೋಟೋ ತೆಗೆದು ಹಾಗೇ ಕಳಿಸಿದೆ.

ನಮ್ಮವರ ಭಯವೇ ಬೇರೆ. ಕೆಳಗಿನ ಮನೆಯಲ್ಲಿ ಬಾಡಿಗೆಗಿದ್ದ ದಾವಣಗೆರೆ ಕಡೆಯ ಹುಡುಗನ ಹತ್ತಿರ ಹೋದೆ.

"ಸುಮ್ನೆ ಯಾಕೆ ಸರ್, ನಮ್ಮದು ಐಎಲ್‌ಆರ್, ಇಲ್ಲಿ ಕಾಯಂ ಇರೋ ಅನುಮತಿ, ಬರೋದಿದೆ. ಆಮೇಲೆ ಅದಕ್ಕೆ ಏನಾದ್ರೂ ತೊಂದರೆ ಆದ್ರೆ?"

"ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲಪ್ಪಾ. ಯಾವ ಪಾಸ್‌ಪೋರ್ಟ್ ಇದ್ದರೂ ಬರೆಯಬಹುದು. ಹೆಸರು, ವಿಳಾಸ ಮಾತ್ರ ಎಲ್ಲರಿಗೂ ಕಾಣೋ ಹಾಗೆ ಹಾಕ್ತಾರೆ, ಅಷ್ಟೇ."

"ಹಾಗಾದ್ರೆ ನಮ್ಮನೆಯವಳ ಹೆಸರಲ್ಲಿ ಬರೀತೀನಿ ಬಿಡಿ, ಮನೇಲಿ ಬೆಳಕು ಬೇಕಾಗಿರೋದು ಅವಳಿಗೇ."

ಅಂದಹಾಗೆ, ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡು ಇಲ್ಲಿ ಕಾನೂನುಬದ್ಧವಾಗಿ ವಾಸ ಇರೋರಿಗೆ ಕೌನ್ಸಿಲ್ ಚುನಾವಣೆಯಲ್ಲಿ ಮತ ಇದೆ. ಕಾಮನ್‌ವೆಲ್ತ್ ಲೆಕ್ಕದಲ್ಲಿ. ಎಷ್ಟೋ ಜನ ರಿಜಿಸ್ಟರ್ ಕೂಡ ಮಾಡಿಸಿಕೊಂಡಿರಲ್ಲ. ಕೌನ್ಸಿಲರ್‌ಗೆ ಮೇಲ್ ಬರೆಯುವಾಗ 'ನಾನು ನಿಮ್ಮ ವಾರ್ಡಿನ ಮತದಾರ' ಅಂತ ಮೊದಲ ಸಾಲಿನಲ್ಲಿ ಹಾಕಿದರೆ ಉತ್ತರ ಬೇಗ ಬರುತ್ತೆ. ಇದು ದಾವಣಗೆರೆಯಲ್ಲೂ ಹಾಗೇ, ಇಲ್ಲೂ ಹಾಗೇ.

ಅರ್ಜಿಯನ್ನು ತೀರ್ಮಾನಿಸೋದು ಕೌನ್ಸಿಲರ್‌ಗಳ ಪ್ಲಾನಿಂಗ್ ಕಮಿಟಿ. ಅದರ ಸಭೆಗೆ ಐದು ಪೂರ್ತಿ ದಿನ ಮೊದಲೇ ಅಧಿಕಾರಿಯ ವರದಿ ಹೊರಗೆ ಬರಬೇಕು. ಬಂದ ರಾತ್ರಿಯೇ ಕೂತು ಓದಿ. ನಮ್ಮ ಆಕ್ಷೇಪಣೆಗಳಿಗೆಲ್ಲ ಒಂದು ಟೇಬಲ್, ಪಕ್ಕದಲ್ಲಿ ಅಧಿಕಾರಿಯ ಉತ್ತರ. ಎಲ್ಲಿ ಉತ್ತರ ಕೊಟ್ಟಿಲ್ಲ, ಎಲ್ಲಿ ಅಂಕಿ ಹಳೇದು, ಅದನ್ನು ಗುರುತು ಹಾಕಿ ಕಮಿಟಿಯ ಸದಸ್ಯರಿಗೆ ಅರ್ಧ ಪುಟದ ಮೇಲ್ ಕಳಿಸಿದೆ. ಅವರು ಮೊದಲೇ 'ನಿಮ್ಮ ಪರ' ಅಂತ ಹೇಳುವ ಹಾಗಿಲ್ಲ, ಹೇಳಿದರೆ ಆಮೇಲೆ ಮತ ಹಾಕೋದಕ್ಕೇ ತೊಂದರೆ. ಹಾಗಾಗಿ ಉತ್ತರ ಬರಲಿಲ್ಲ ಅಂತ ಬೇಜಾರು ಮಾಡ್ಕೊಬೇಡಿ. ವಾರ್ಡಿನ ಕೌನ್ಸಿಲರ್ ಕಮಿಟಿಯಲ್ಲಿ ಇಲ್ಲದಿದ್ದರೆ ನಮ್ಮ ಪರವಾಗಿ ಮಾತಾಡಬಹುದು, ನಮ್ಮವರು ಮಾತಾಡಿದರು.

ಸಭೆಯಲ್ಲಿ ವಿರೋಧಿಸೋರಿಗೆಲ್ಲ ಸೇರಿ ಮೂರು ನಿಮಿಷ. ಮೂರು ನಿಮಿಷ ಅಂದರೆ ಕಣ್ಣು ಮಿಟುಕಿಸೋಷ್ಟರಲ್ಲಿ ಮುಗಿಯುತ್ತೆ. ಬೆಳಕಿನ ಅಂಕಿ ಒಂದು, ಫ್ಯಾಮಿಲಿ ಮನೆಗಳ ವಿಸ್ತೀರ್ಣ ಒಂದು, ಕಮ್ಯುನಿಟಿ ಹಾಲ್ ಒಂದು. ಅಷ್ಟೇ ಹೇಳಿದೆ. ಕೊನೆಗೆ 'ತಿರಸ್ಕರಿಸಿ' ಅನ್ನಲಿಲ್ಲ, 'ಈ ಮೂರು ಸರಿಯಾಗೋವರೆಗೆ ಮುಂದಕ್ಕೆ ಹಾಕಿ' ಅಂದೆ. ತನ್ನದೇ ಕೌನ್ಸಿಲ್‌ನ ಅರ್ಜಿಯನ್ನು ತಿರಸ್ಕರಿಸೋದು ಕೌನ್ಸಿಲರ್‌ಗಳಿಗೆ ಸುಲಭ ಅಲ್ಲ, ಮುಂದಕ್ಕೆ ಹಾಕೋದು ಸುಲಭ. ಅವರು ಮುಂದಕ್ಕೆ ಹಾಕಿದರು.

ಎರಡನೇ ಸಲ ಬಂದಾಗ ನಮ್ಮ ಎದುರಿನ ಕಟ್ಟಡದಲ್ಲಿ ಎರಡು ಮಹಡಿ ಇಳಿದಿತ್ತು. ಬೆಳಕು 0.8 ಮುಟ್ಟಲಿಲ್ಲ, ಮೊದಲಿಗಿಂತ ಪರವಾಗಿಲ್ಲ ಅನ್ನೋ ಹಾಗೆ ಆಯಿತು. ಮೂರು ಬೆಡ್‌ರೂಮಿನ ಸೋಷಿಯಲ್ ರೆಂಟ್ ಮನೆ ಕೆಲವು ಜಾಸ್ತಿ ಆದವು. ಹೊಸ ಹಾಲ್ ತೆರೆಯೋವರೆಗೆ ಹಳೇದು ಕೆಡವಬಾರದು ಅಂತ ಷರತ್ತು ಬಂತು, ಅಜ್ಜಿಯ ಪತ್ರವನ್ನು ಒಬ್ಬ ಕೌನ್ಸಿಲರ್ ಸಭೆಯಲ್ಲೇ ಓದಿದ್ದರು. ಉಳಿದದ್ದೆಲ್ಲ ಹಾಗೇ ಪಾಸಾಯಿತು. ಬೆಂಗಳೂರಿನ ಈಜಿಪುರದಲ್ಲಿ 2013ರ ಜನವರಿಯಲ್ಲಿ ಬಡವರ ಶೆಡ್‌ಗಳನ್ನು ಜೆಸಿಬಿ ತಂದು ಕೆಡವಿದ್ದು ಗೊತ್ತಿರೋ ನನಗೆ ಇಷ್ಟಾದರೂ ಕೇಳಿದರಲ್ಲ ಅನ್ನಿಸಿತು. ಪಕ್ಕದಲ್ಲಿ ನಿಂತಿದ್ದ ಬಾಂಗ್ಲಾದೇಶಿ ಗೆಳೆಯನಿಗೆ ಮಾತ್ರ ಪೂರ್ತಿ ಸೋತ ಹಾಗೆ ಅನ್ನಿಸಿತ್ತು. ಅವನ ಮನೆ ಕೆಡವೋ ಬ್ಲಾಕಿನಲ್ಲಿತ್ತು, ನನ್ನದು ಉಳಿಯೋ ಬ್ಲಾಕಿನಲ್ಲಿ. ಅವನ ಲೆಕ್ಕವೇ ಬೇರೆ.

ಮೇಲ್ಮನವಿ ಇದೆಯಾ ಅಂತ ತುಂಬ ಜನ ಕೇಳುತ್ತಾರೆ. ಅರ್ಜಿ ತಿರಸ್ಕಾರವಾದರೆ ಸಾಮಾನ್ಯವಾಗಿ ಅರ್ಜಿ ಹಾಕಿದವರು ಮೇಲ್ಮನವಿ ಹೋಗಬಹುದು, ಒಪ್ಪಿಗೆ ಸಿಕ್ಕರೆ ವಿರೋಧಿಸಿದವರಿಗೆ ಆ ಹಕ್ಕಿಲ್ಲ. ಇರೋದು ಹೈಕೋರ್ಟಿನ ಜುಡಿಷಿಯಲ್ ರಿವ್ಯೂ ಮಾತ್ರ. ಅದಕ್ಕೆ ಆರೇ ವಾರ. ಅದೂ ತೀರ್ಮಾನ ಒಳ್ಳೆಯದಾ ಕೆಟ್ಟದ್ದಾ ಅಂತ ಕೋರ್ಟು ನೋಡಲ್ಲ, ಕಾನೂನಿನ ದಾರಿಯಲ್ಲಿ ಆಯಿತಾ ಅಂತ ಅಷ್ಟೇ ನೋಡುತ್ತೆ. ನಾವು ಒಬ್ಬ ವಕೀಲರನ್ನು ಕೇಳಿ, ಕೇಸಿನಲ್ಲಿ ಹುರುಳಿಲ್ಲ ಅಂದ ಮೇಲೆ ಬಿಟ್ಟೆವು.

ಈಗ ಷರತ್ತುಗಳನ್ನು ಪೂರೈಸೋ ಸಣ್ಣ ಸಣ್ಣ ಅರ್ಜಿಗಳು ಬರುತ್ತಿವೆ. ಇವಕ್ಕೆ ಯಾರೂ ಕಂಬಕ್ಕೆ ನೋಟಿಸ್ ಕಟ್ಟಲ್ಲ, ನಾವೇ ವಿಳಾಸ ಹಾಕಿ ಅಲರ್ಟ್ ಇಟ್ಟುಕೊಳ್ಳಬೇಕು. ಹೋದ ವಾರ ಇಟ್ಟಿಗೆ ಬಣ್ಣದ್ದು ಬಂದಿತ್ತು, ಅದಕ್ಕೆ ಏನೂ ಬರೆಯಲಿಲ್ಲ. ಲಾರಿಗಳು ಯಾವ ಗೇಟಿನಿಂದ, ಎಷ್ಟು ಹೊತ್ತಿಗೆ ಬರುತ್ತವೆ ಅನ್ನೋದು ಇನ್ನೂ ಬರಬೇಕು. ಆ ಗೇಟಿನ ಎದುರಿಗೇ ಪ್ರೈಮರಿ ಸ್ಕೂಲ್ ಇದೆ, ಅದಕ್ಕೆ ಪತ್ರ ಈಗಲೇ ರೆಡಿ ಮಾಡಿ ಇಟ್ಟಿದ್ದೇನೆ.