ಎಡಗೈ ಮಗು ಆಟಕ್ಕಿಳಿದಾಗ: ಯಾವ ಕೆಲಸಕ್ಕೆ ಯಾವ ಕೈ?

ನೂರು ಮಕ್ಕಳನ್ನು ಮೈದಾನದಲ್ಲಿ ನಿಲ್ಲಿಸಿದರೆ ಅವರಲ್ಲಿ ಹೆಚ್ಚೂಕಮ್ಮಿ ಹತ್ತು ಮಂದಿ ಎಡಗೈಯವರು. ಕಿಟ್ ಬ್ಯಾಗು ತುಂಬಿರುವುದು ಉಳಿದ ತೊಂಬತ್ತು ಮಂದಿಗಾಗಿ. ಡ್ರಿಲ್ ಹಾಕಿರುವುದೂ ಅವರಿಗಾಗಿಯೇ. ನಿಮ್ಮ ಮಗು ಆ ಹತ್ತರಲ್ಲಿ ಒಂದಾಗಿದ್ದರೆ ಎರಡು ಬಗೆಯ ಸಲಹೆಗಳು ಪುಕ್ಕಟೆಯಾಗಿ ಬರುತ್ತವೆ. ‘ಚಿಕ್ಕವರಿರುವಾಗಲೇ ಬಲಗೈ ರೂಢಿ ಮಾಡಿಸಿಬಿಡಿ’ ಎನ್ನುವವರು ಒಬ್ಬರು. ‘ಲೆಫ್ಟಿನಾ? ಹಾಗಾದರೆ ತಂಡದಲ್ಲಿ ಜಾಗ ಖಾತ್ರಿ’ ಎನ್ನುವವರು ಇನ್ನೊಬ್ಬರು. ಎರಡನ್ನೂ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡಬಹುದು.

ಏಕೆಂದರೆ ಬರೆಯುವ ಕೈ, ಎಸೆಯುವ ಕೈ, ಬ್ಯಾಟ್ ಹಿಡಿಯುವ ರೀತಿ, ಒದೆಯುವ ಕಾಲು, ಗುರಿ ನೋಡುವ ಕಣ್ಣು ಎಲ್ಲವೂ ಒಂದೇ ಬದಿಗಿರಬೇಕೆಂದೇನೂ ಇಲ್ಲ. ಸಚಿನ್ ತೆಂಡೂಲ್ಕರ್ ಬರೆಯುವುದು ಎಡಗೈಯಲ್ಲಿ, ಬ್ಯಾಟಿಂಗ್ ಮಾಡಿದ್ದು ಬಲಗೈಯಲ್ಲಿ. ಸ್ಮೃತಿ ಮಂಧಾನ ಎಡಗೈ ಬ್ಯಾಟರ್; ಆದರೆ ದಿನನಿತ್ಯದ ಕೆಲಸಗಳಿಗೆ ಬಲಗೈ. ಟೆನಿಸ್‌ನ ರಾಫೆಲ್ ನಡಾಲ್ ಕೂಡ ಹಾಗೆಯೇ: ರ‍್ಯಾಕೆಟ್ ಎಡಗೈಗೆ, ಪೆನ್ನು ಬಲಗೈಗೆ. ಆಸ್ಟ್ರೇಲಿಯಾದ ಮೈಕೆಲ್ ಕ್ಲಾರ್ಕ್ ಬಲಗೈ ಬ್ಯಾಟರ್, ಎಡಗೈ ಸ್ಪಿನ್ನರ್. ಆದ್ದರಿಂದ ‘ನನ್ನ ಮಗು ಎಡಗೈಯೋ ಬಲಗೈಯೋ’ ಎಂಬ ಪ್ರಶ್ನೆ ಬಿಡಿ. ಈ ಆಟದ ಈ ಕೆಲಸಕ್ಕೆ ಯಾವ ಕೈ ಎಂದು ಒಂದೊಂದನ್ನೂ ಬೇರೆಯಾಗಿ ನೋಡಿ.

ಹಂತ 1: ಹೇಳಿಕೊಡುವ ಮೊದಲು ಸುಮ್ಮನೆ ನೋಡಿ

ಮಗುವನ್ನು ಕರೆದು ‘ಯಾವ ಕೈಯಲ್ಲಿ ಆಡ್ತೀಯ?’ ಎಂದು ಕೇಳಿದರೆ ನಿಮಗೆ ಇಷ್ಟವಾಗುವ ಉತ್ತರವನ್ನೇ ಅದು ಕೊಡುತ್ತದೆ. ಕೇಳಬೇಡಿ. ಚೆಂಡನ್ನು ಮಗುವಿನ ಎರಡೂ ಪಾದಗಳ ನಡುವೆ, ನೇರ ಎದುರಿಗೆ ಇಟ್ಟು ‘ಇಲ್ಲಿಗೆ ಎಸಿ ನೋಡೋಣ’ ಎನ್ನಿ. ಬ್ಯಾಟನ್ನು ಕೈಗೆ ಕೊಡದೆ ಗೋಡೆಗೆ ನೆಟ್ಟಗೆ ಒರಗಿಸಿಡಿ. ಹೇಗೆ ಎತ್ತಿಕೊಂಡು ಯಾವ ಬದಿಗೆ ತಿರುಗಿ ನಿಲ್ಲುತ್ತದೆ ಎಂದು ಗಮನಿಸಿ. ಕಾಲಿಗಾದರೆ, ಚೆಂಡನ್ನು ಮೆಲ್ಲಗೆ ಎರಡೂ ಕಾಲುಗಳ ಮಧ್ಯಕ್ಕೆ ಉರುಳಿಸಿ. ಇದನ್ನು ಬೇರೆ ಬೇರೆ ದಿನ, ಮಗು ಆಟದ ಗುಂಗಿನಲ್ಲಿರುವಾಗ ಮಾಡಿ. ಒಂದು ದಿನ ಒಂದು ಕೈ, ಮರುದಿನ ಇನ್ನೊಂದು ಕೈ ಬಂದರೆ ಗಾಬರಿ ಬೇಡ. ಬಹಳಷ್ಟು ಮಕ್ಕಳಲ್ಲಿ ಕೈಯ ಒಲವು ಮೂರು–ನಾಲ್ಕನೇ ವಯಸ್ಸಿಗೆ ಕಾಣಿಸಿಕೊಂಡರೂ ಗಟ್ಟಿಯಾಗಲು ಇನ್ನೂ ಒಂದೆರಡು ವರ್ಷ ಹಿಡಿಯುತ್ತದೆ. ಕೆಲವರಲ್ಲಿ ಕೆಲಸಕ್ಕೊಂದು ಕೈ ಎಂಬುದೇ ಕೊನೆಯವರೆಗೂ ಉಳಿಯುತ್ತದೆ.

ಬಿಲ್ಲುಗಾರಿಕೆ ಅಥವಾ ಶೂಟಿಂಗ್‌ಗೆ ಸೇರಿಸುವುದಾದರೆ ಕಣ್ಣನ್ನೂ ಪರೀಕ್ಷಿಸಿ. ಎರಡೂ ಅಂಗೈಗಳನ್ನು ಮುಂದೆ ಚಾಚಿ, ಹೆಬ್ಬೆರಳು–ತೋರುಬೆರಳುಗಳ ನಡುವೆ ಒಂದು ಸಣ್ಣ ಕಿಂಡಿ ಮಾಡಿಕೊಂಡು, ಅದರೊಳಗಿಂದ ದೂರದ ಒಂದು ವಸ್ತುವನ್ನು ಎರಡೂ ಕಣ್ಣು ತೆರೆದು ನೋಡಲಿ. ಆಮೇಲೆ ಒಂದೊಂದೇ ಕಣ್ಣು ಮುಚ್ಚಲಿ. ಯಾವ ಕಣ್ಣು ತೆರೆದಿದ್ದಾಗ ವಸ್ತು ಕಿಂಡಿಯಲ್ಲೇ ಉಳಿಯುತ್ತದೋ ಅದು ಮುಂದಾಳು ಕಣ್ಣು. ಬಲಗೈಯಲ್ಲಿ ಬರೆಯುವ ಮಗುವಿಗೂ ಎಡಗಣ್ಣು ಮುಂದಾಳಾಗಿರಬಹುದು. ಬಿಲ್ಲುಗಾರಿಕೆಯ ಅನೇಕ ಕೋಚ್‌ಗಳು ಕೈಗಿಂತ ಕಣ್ಣಿಗೆ ತಕ್ಕಂತೆಯೇ ಬಿಲ್ಲು ಕೊಡುತ್ತಾರೆ.

ಹಂತ 2: ಆಟ ಏನು ಕೇಳುತ್ತದೆ ಎಂದು ತಿಳಿಯಿರಿ

ಕೆಲವು ಆಟಗಳಲ್ಲಿ ಆಯ್ಕೆಯೇ ಇಲ್ಲ. ಹಾಕಿ ಸ್ಟಿಕ್‌ನ ಚಪ್ಪಟೆ ಮುಖ ಎಡಬದಿಗೇ ಇರಬೇಕೆಂದು ನಿಯಮವಿದೆ, ಎಡಗೈಯವರಿಗೆಂದು ಬೇರೆ ಸ್ಟಿಕ್ ಬಳಸುವಂತಿಲ್ಲ. ಇದನ್ನು ಕೇಳಿ ಅಪ್ಪ–ಅಮ್ಮ ಮಗುವನ್ನು ಹಾಕಿಯಿಂದಲೇ ಬಿಡಿಸುವುದುಂಟು. ಬಿಡಿಸಬೇಕಿಲ್ಲ. ಹಾಕಿಯಲ್ಲಿ ಎಡಗೈ ಸ್ಟಿಕ್‌ನ ಮೇಲ್ತುದಿಯಲ್ಲಿರುತ್ತದೆ. ಚೆಂಡಿನ ಮೇಲೆ ಸ್ಟಿಕ್ಕನ್ನು ಆಚೆ ಈಚೆ ಹೊರಳಿಸುವ ನಾಜೂಕಿನ ಕೆಲಸವೆಲ್ಲ ಅದರದೇ. ಎಡಗೈ ಚುರುಕಾಗಿರುವ ಮಗುವಿಗೆ ಆ ನಿಯಮ ಅಡ್ಡಿಯಾಗದೆ ಅನುಕೂಲವೇ ಆಗಬಹುದು. ಕುದುರೆಯ ಮೇಲೆ ಆಡುವ ಪೋಲೋದಲ್ಲೂ ಬಲಗೈಯಲ್ಲೇ ಆಡಬೇಕು. ಅಲ್ಲಿ ಕಾರಣ ಸುರಕ್ಷತೆ, ಎದುರುಬದುರು ನುಗ್ಗುವ ಕುದುರೆಗಳು ಡಿಕ್ಕಿಯಾಗದಿರಲಿ ಎಂದು.

ಕ್ರಿಕೆಟ್ ಬ್ಯಾಟಿಂಗ್ ಎರಡು ಕೈಗಳ ಕೆಲಸವಾದ್ದರಿಂದ ಅಲ್ಲೇ ಹೆಚ್ಚು ಗೊಂದಲ. ಬಲಗೈ ಬ್ಯಾಟರ್ ಎಂದರೆ ಹಿಡಿಕೆಯ ಮೇಲ್ಭಾಗದಲ್ಲಿ ಎಡಗೈ, ಕೆಳಗೆ ಬಲಗೈ. ನೇರ ಹೊಡೆತಗಳಲ್ಲಿ ಬ್ಯಾಟಿನ ದಾರಿ ನಿರ್ಧರಿಸುವುದು ಮೇಲಿನ ಕೈ. ಹಾಗಾಗಿ ಎಡಗೈಯಲ್ಲಿ ಬರೆಯುವ ಹುಡುಗಿ ಬಲಗೈ ಬ್ಯಾಟರ್‌ಳಂತೆ ನಿಂತರೆ ‘ನೀನು ಲೆಫ್ಟಿ ಅಲ್ವಾ, ತಿರುಗಿ ನಿಲ್ಲು’ ಎನ್ನುವ ಅಗತ್ಯವಿಲ್ಲ. ಅವಳ ಚುರುಕಾದ ಕೈ ಮೇಲಿದೆ, ಅಷ್ಟೆ. ಅದೇ ಕಾರಣಕ್ಕೆ ಬಲಗೈಯ ಹುಡುಗ ಎಡಗೈ ಬ್ಯಾಟರ್‌ನಂತೆ ನಿಂತರೂ ತಿದ್ದಬೇಡಿ. ಬೌಲಿಂಗ್, ಎಸೆತ, ಸರ್ವ್ ಇವೆಲ್ಲ ಒಂದೇ ಕೈಯ ಕೆಲಸ. ಅಲ್ಲಿ ಚರ್ಚೆಯೇ ಬೇಡ, ಮಗುವಿಗೆ ಸಲೀಸಾದ ಕೈಯೇ ಸರಿ.

ಫುಟ್‌ಬಾಲ್‌ನಲ್ಲಿ ಕೈಯನ್ನು ಮರೆತುಬಿಡಿ. ಲಿಯೊನೆಲ್ ಮೆಸ್ಸಿ ಎಡಗಾಲಿನ ಆಟಗಾರ, ಸಹಿ ಹಾಕುವುದು ಬಲಗೈಯಲ್ಲಿ.

ಹಂತ 3: ಸಾಮಾನು

ಎಲ್ಲದಕ್ಕೂ ‘ಎಡಗೈ ಮಾದರಿ’ ಹುಡುಕಿಕೊಂಡು ಅಲೆಯಬೇಕಿಲ್ಲ. ಕ್ರಿಕೆಟ್ ಬ್ಯಾಟ್, ಹೆಲ್ಮೆಟ್, ಟೇಬಲ್ ಟೆನಿಸ್ ಬ್ಯಾಟ್, ಟೆನಿಸ್ ಮತ್ತು ಬ್ಯಾಡ್ಮಿಂಟನ್ ರ‍್ಯಾಕೆಟ್ ಎರಡೂ ಕೈಗೆ ಒಂದೇ. ಬೇರೆಯದೇ ಬೇಕಾದದ್ದು ಬ್ಯಾಟಿಂಗ್ ಗ್ಲೌಸ್, ಪ್ಯಾಡ್, ತೊಡೆಯ ಪ್ಯಾಡ್, ಗಾಲ್ಫ್ ಕ್ಲಬ್, ಬೇಸ್‌ಬಾಲ್ ಗ್ಲೌ, ಬಿಲ್ಲು. ಗ್ಲೌಸ್‌ನಲ್ಲಿ ಬೆರಳುಗಳ ಮೇಲಿನ ಹೆಚ್ಚುವರಿ ರಕ್ಷಣೆ ಕೆಳಗಿನ ಕೈಗೆಂದು ಇರುತ್ತದೆ. ತಂಡದ ಬ್ಯಾಗಿನಲ್ಲಿರುವ ಬಲಗೈ ಜೋಡಿಯನ್ನು ಎಡಗೈ ಬ್ಯಾಟರ್ ಹಾಕಿಕೊಂಡರೆ ಆ ರಕ್ಷಣೆ ಬೇಡದ ಕೈಗೆ ಹೋಗುತ್ತದೆ. ತೊಡೆಯ ಪ್ಯಾಡ್ ಮುಂದಿನ ಕಾಲಿಗೆ, ಅಂದರೆ ಎಡಗೈ ಬ್ಯಾಟರ್‌ಗೆ ಬಲತೊಡೆಗೆ ಬರಬೇಕು. ಬೇಸ್‌ಬಾಲ್ ಗ್ಲೌ ಕೊಳ್ಳುವಾಗ ದೊಡ್ಡವರೇ ಎಡವುತ್ತಾರೆ: ಎಡಗೈಯಲ್ಲಿ ಎಸೆಯುವ ಮಗುವಿಗೆ ಬೇಕಾದದ್ದು ಬಲಗೈಗೆ ಹಾಕಿಕೊಳ್ಳುವ ಗ್ಲೌ. ಎಡಗೈ ಬಿಲ್ಲೂ ಹೀಗೆಯೇ, ಬಲಗೈಯಲ್ಲಿ ಹಿಡಿದು ಎಡಗೈಯಲ್ಲಿ ಎಳೆಯುವಂಥದ್ದು.

ರ‍್ಯಾಕೆಟ್ ಒಂದೇ ಆದರೂ ಅದರ ಗ್ರಿಪ್ ಒಂದೇ ಅಲ್ಲ. ಹೊಸ ರ‍್ಯಾಕೆಟ್‌ಗೆ ಸಾಮಾನ್ಯವಾಗಿ ಬಲಗೈಗೆ ಹೊಂದುವಂತೆ ಗ್ರಿಪ್ ಸುತ್ತಿರುತ್ತಾರೆ. ಎಡಗೈ ಮಗು ಹಿಡಿದು ಬೀಸಿದಾಗ ಅಂಗೈ ಪಟ್ಟಿಯ ಅಂಚಿಗೆ ಎದುರಾಗಿ ಉಜ್ಜುತ್ತದೆ, ಅಂಚು ಮೇಲೆದ್ದು ಸುರುಳಿಯಾಗುತ್ತದೆ, ಬೆವರಿದಾಗ ಜಾರುತ್ತದೆ. ಮಗು ‘ಕೈ ಉರೀತಿದೆ’ ಎನ್ನುವುದು ಸೋಮಾರಿತನದ ನೆಪವಲ್ಲದಿರಬಹುದು. ಪಟ್ಟಿಯನ್ನು ಬಿಚ್ಚಿ, ಹಿಡಿಕೆಯ ಬುಡದಿಂದಲೇ ಶುರುಮಾಡಿ, ಮೊದಲಿದ್ದ ದಿಕ್ಕಿಗೆ ವಿರುದ್ಧವಾಗಿ, ಒಂದೇ ಬಿಗಿಯಲ್ಲಿ ಎಳೆಯುತ್ತ, ಪ್ರತಿ ಸುತ್ತೂ ಹಿಂದಿನದರ ಮೇಲೆ ತುಸು ಹತ್ತುವಂತೆ ಸುತ್ತಿ. ಮೇಲೆ ಟೇಪ್ ಹಾಕುವುದೂ ಅದೇ ದಿಕ್ಕಿಗೆ. ಹತ್ತು ನಿಮಿಷದ ಕೆಲಸ, ಮಾಡಿಕೊಡುವವರು ಮಾತ್ರ ಕಡಿಮೆ.

ಇನ್ನು ಮನೆಯಲ್ಲಿರುವ ಸಾಮಾನಿನ ಒತ್ತಡ. ಸೌರವ್ ಗಂಗೂಲಿ ಬಲಗೈಯವರಾದರೂ ಎಡಗೈ ಬ್ಯಾಟಿಂಗ್ ಕಲಿತದ್ದು ಅಣ್ಣನ ಕಿಟ್ ಬಳಸಲಿಕ್ಕೆ. ಅವರಿಗೆ ಒಗ್ಗಿತು. ಅಣ್ಣನ ಗ್ಲೌಸ್ ಹಾಳಾಗುತ್ತದಲ್ಲ ಎಂದು ತಮ್ಮನ ಕೈ ಬದಲಿಸಲು ಅದನ್ನೇ ನೆಪ ಮಾಡಿಕೊಳ್ಳಬೇಡಿ.

ಹಂತ 4: ಕೋಚ್ ಜತೆ ಮಾತಾಡಿ

ಮೊದಲ ವಾರದಲ್ಲೇ, ಉಳಿದ ಮಕ್ಕಳ ಎದುರಲ್ಲದೆ, ಹೇಳಿ: ‘ಸರ್, ಇವನು ಎಸೆಯೋದು ಎಡಗೈಯಲ್ಲಿ. ಹೇಳಿಕೊಡುವಾಗ ಎದುರು ನಿಂತು ತೋರಿಸಿದರೆ ಇವನಿಗೆ ಬೇಗ ಹತ್ತುತ್ತೆ.’ ಬಲಗೈ ಮಕ್ಕಳಿಗೆ ಕೋಚ್ ಪಕ್ಕದಲ್ಲಿ ನಿಂತರೆ ಅನುಕೂಲ. ಎಡಗೈ ಮಗುವಿಗೆ ಬಲಗೈ ಕೋಚ್ ಎದುರಿಗೆ ನಿಂತರೆ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ, ಹಾಗೇ ಅನುಕರಿಸಬಹುದು. ಗಾಲ್ಫ್‌ನ ಫಿಲ್ ಮಿಕೆಲ್‌ಸನ್ ಬಲಗೈಯವರು. ಅಪ್ಪನ ಎದುರು ನಿಂತು ಅವರ ಬೀಸನ್ನು ಕನ್ನಡಿಯಂತೆ ಕಲಿತು ಎಡಗೈ ಆಟಗಾರರಾದರು. ಮನೆಯಲ್ಲಿ ವಿಡಿಯೊ ತೋರಿಸುವಾಗ ಫೋನ್‌ನಲ್ಲಿ ಚಿತ್ರವನ್ನು ಎಡ–ಬಲ ತಿರುಗಿಸಿ ತೋರಿಸಿ. ‘ಬಲಗಾಲು ಮುಂದೆ’ ಎನ್ನುವ ಬದಲು ‘ಮುಂದಿನ ಕಾಲು’, ‘ಎಸೆಯುವ ಕೈ’ ಎಂದು ಹೇಳುವಂತೆ ಕೋರಬಹುದು. ಒಳ್ಳೆಯ ಕೋಚ್‌ಗಳು ಇದಕ್ಕೆ ಬೇಸರಿಸುವುದಿಲ್ಲ.

ಡ್ರಿಲ್‌ಗಳಲ್ಲಿ ಮಗು ತಪ್ಪುತ್ತಿದ್ದರೆ ಮಗುವನ್ನಲ್ಲ, ಡ್ರಿಲ್ಲನ್ನು ನೋಡಿ. ಟೆನಿಸ್‌ನಲ್ಲಿ ‘ಫೋರ್‌ಹ್ಯಾಂಡ್‌ನಿಂದ ಫೋರ್‌ಹ್ಯಾಂಡ್‌ಗೆ, ಅಡ್ಡಲಾಗಿ ಆಡಿ’ ಎಂದು ಜೋಡಿ ಮಾಡುತ್ತಾರೆ. ಎಡಗೈ ಮಗು ಫೋರ್‌ಹ್ಯಾಂಡ್‌ನಲ್ಲಿ ಅಡ್ಡಲಾಗಿ ಹೊಡೆದರೆ ಚೆಂಡು ಬಲಗೈ ಜೊತೆಗಾರನ ಬ್ಯಾಕ್‌ಹ್ಯಾಂಡ್‌ಗೆ ಹೋಗುತ್ತದೆ. ಈ ಜೋಡಿ ಆಡಬೇಕಾದದ್ದು ಗೆರೆಗುಂಟ ನೇರವಾಗಿ. ಯಾರೂ ಇದನ್ನು ಹೇಳದಿದ್ದರೆ ಇಡೀ ಅವಧಿ ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಳ್ಳುತ್ತಾರೆ. ಬ್ಯಾಡ್ಮಿಂಟನ್‌ನಲ್ಲಿ ಗರಿಗಳನ್ನು ಒಂದೇ ದಿಕ್ಕಿಗೆ ಒಂದರ ಮೇಲೊಂದು ಜೋಡಿಸಿರುವುದರಿಂದ ಶಟಲ್ ಯಾವಾಗಲೂ ಒಂದೇ ಕಡೆಗೆ ಗಿರಕಿ ಹೊಡೆಯುತ್ತದೆ. ಹಾಗಾಗಿ ಸವರಿ ಆಡುವ ಸ್ಲೈಸ್ ಹೊಡೆತಗಳು ಎಡಗೈಯಿಂದ ಬೇರೆಯೇ ಬಗೆಯಲ್ಲಿ ವರ್ತಿಸುತ್ತವೆ. ಅವನ್ನು ಮಗು ತಾನೇ ಆಡಿ ಕಂಡುಕೊಳ್ಳಬೇಕು.

ಸುರಕ್ಷತೆಯ ಒಂದು ಮಾತು. ಮಕ್ಕಳು ಸಾಲಾಗಿ ನಿಂತು ಬ್ಯಾಟ್ ಅಥವಾ ಕ್ಲಬ್ ಬೀಸುವಾಗ ಎಡಗೈ ಮಗು ಸಾಲಿನ ಒಂದು ತುದಿಯಲ್ಲಿರಲಿ. ಡಿಸ್ಕಸ್ ಎಸೆಯುವಾಗ ಎಡಗೈಯವರು ತಿರುಗುವುದೇ ವಿರುದ್ಧ ದಿಕ್ಕಿಗೆ, ಕೈತಪ್ಪಿದ ಡಿಸ್ಕಸ್ ಹೋಗುವ ಬದಿಯೂ ಬದಲಾಗುತ್ತದೆ. ಕಾಯುತ್ತ ನಿಂತ ಮಕ್ಕಳು ಜಾಗ ಬದಲಿಸಬೇಕು.

ಹಂತ 5: ಕೈ ನೋಡಿ ಜಾಗ ಕೊಟ್ಟರೆ ಒಮ್ಮೆ ಕೇಳಿ

ಎಡಗೈಗೆ ಹೇಳಿಮಾಡಿಸಿದ ಜಾಗಗಳು ಇವೆ. ಹ್ಯಾಂಡ್‌ಬಾಲ್‌ನಲ್ಲಿ ಬಲ ವಿಂಗ್, ವಾಲಿಬಾಲ್‌ನಲ್ಲಿ ನೆಟ್‌ನ ಬಲಬದಿಯ ದಾಳಿ, ಬೇಸ್‌ಬಾಲ್‌ನಲ್ಲಿ ಮೊದಲ ಬೇಸ್. ಬೇಸ್‌ಬಾಲ್‌ನಲ್ಲಿ ಎಡಗೈ ಎಸೆತಗಾರರಿಗೆ ಕ್ಯಾಚರ್, ಶಾರ್ಟ್‌ಸ್ಟಾಪ್ ಜಾಗಗಳು ಸಿಗುವುದು ಅಪರೂಪವೂ ಹೌದು. ದೊಡ್ಡವರ ಆಟದಲ್ಲಿ ಇದಕ್ಕೆ ಅರ್ಥವಿದೆ. ಎಂಟು ವರ್ಷದ ಮಗುವನ್ನು ವರ್ಷಪೂರ್ತಿ ಒಂದೇ ಮೂಲೆಯಲ್ಲಿ ನಿಲ್ಲಿಸುವುದಕ್ಕೆ ಅರ್ಥವಿಲ್ಲ. ಆ ವಯಸ್ಸಿನಲ್ಲಿ ಎಲ್ಲ ಜಾಗದಲ್ಲೂ ಆಡಿ ಆಟ ಕಲಿಯಬೇಕು. ಎಡಗೈ ಎಂಬ ಒಂದೇ ಕಾರಣಕ್ಕೆ ಫುಟ್‌ಬಾಲ್‌ನಲ್ಲಿ ಎಡ ವಿಂಗ್‌ಗೆ ಹಾಕಿದರೆ, ‘ಸರ್, ಇವಳು ಒದೆಯೋದು ಯಾವ ಕಾಲಲ್ಲಿ ಅಂತ ನೋಡಿದ್ದೀರಾ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಹಂತ 6: ಅನುಕೂಲವನ್ನು ಅದರ ಅಳತೆಯಲ್ಲೇ ಇಡಿ

ಬ್ಯಾಡ್ಮಿಂಟನ್‌ನ ಲಿನ್ ಡಾನ್, ಕರೋಲಿನಾ ಮರೀನ್, ಟೆನಿಸ್‌ನ ಮಾರ್ಟಿನಾ ನವ್ರಾಟಿಲೋವಾ, ಕ್ರಿಕೆಟ್‌ನ ವಾಸಿಂ ಅಕ್ರಂ, ಎಡಗೈ ನಿಲುವಿನ ಬಾಕ್ಸರ್ ಮ್ಯಾನಿ ಪಾಕಿಯಾವೊ ಎಂದು ಪಟ್ಟಿ ಹೇಳಿ ಮಗುವಿನ ತಲೆ ತುಂಬಿಸುವುದು ಸುಲಭ. ಅನುಕೂಲ ಎಲ್ಲಿಂದ ಬರುತ್ತದೆ ಎಂದು ಹೇಳಿಕೊಡುವುದು ಲೇಸು. ಟೆನಿಸ್‌ನಲ್ಲಿ 40–30, 30–40, ಅಡ್ವಾಂಟೇಜ್ ಪಾಯಿಂಟ್‌ಗಳನ್ನು ಅಂಗಣದ ಎಡಬದಿಯಿಂದ ಸರ್ವ್ ಮಾಡುತ್ತಾರೆ. ಅಲ್ಲಿಂದ ಎಡಗೈಯ ಸ್ಲೈಸ್ ಸರ್ವ್ ಬಲಗೈ ಎದುರಾಳಿಯ ಬ್ಯಾಕ್‌ಹ್ಯಾಂಡ್ ಆಚೆಗೆ ಬಾಗಿ ಹೋಗುತ್ತದೆ. ಕ್ರಿಕೆಟ್‌ನಲ್ಲಿ ಬಲಗೈ ಬೌಲರ್ ಓವರ್ ದ ವಿಕೆಟ್ (ಎಸೆಯುವ ಕೈ ಸ್ಟಂಪಿಗೆ ಹತ್ತಿರವಾಗುವ ಬದಿಯಿಂದ) ಬಂದಾಗ ಚೆಂಡು ಎಷ್ಟೋ ಸಲ ಎಡಗೈ ಬ್ಯಾಟರ್‌ನ ಲೆಗ್ ಸ್ಟಂಪ್ ಆಚೆ ಪುಟಿಯುತ್ತದೆ, ಎಲ್‌ಬಿಡಬ್ಲ್ಯು ಆಗದು. ಆದರೆ ಅದೇ ಬಲಗೈ ಬೌಲರ್‌ಗಳ ಬೂಟು ಕೆದಕಿದ ನೆಲ ಎಡಗೈ ಬ್ಯಾಟರ್‌ನ ಆಫ್ ಸ್ಟಂಪ್ ಆಚೆಗೇ ಬರುತ್ತದೆ, ಆಫ್ ಸ್ಪಿನ್ನರ್‌ಗೆ ಹಬ್ಬ. ಕೊಡುವುದೂ ಉಂಟು, ಕಸಿಯುವುದೂ ಉಂಟು.

ಮುಖ್ಯ ಅನುಕೂಲವೆಂದರೆ ಎದುರಾಳಿಗೆ ಅಭ್ಯಾಸವಿಲ್ಲದಿರುವುದು. ಆದ್ದರಿಂದಲೇ ಈಜಿನಲ್ಲಿ, ಓಟದಲ್ಲಿ ಎಡಗೈಯಿಂದ ಏನೂ ಸಿಗದು. ಚಿಕ್ಕವರ ಪಂದ್ಯಗಳಲ್ಲಿ ಅದೊಂದರಿಂದಲೇ ಗೆಲ್ಲುವ ಮಗು, ಎಡಗೈಯವರ ಜತೆ ಆಡಿ ಪಳಗಿದವರು ಎದುರಾದಾಗ ತಬ್ಬಿಬ್ಬಾಗುತ್ತದೆ. ತಮಾಷೆಯೆಂದರೆ ಎಡಗೈ ಮಕ್ಕಳಿಗೂ ಎಡಗೈ ಎದುರಾಳಿ ಕಷ್ಟವೇ. ಅವರೂ ದಿನವಿಡೀ ಆಡುವುದು ಬಲಗೈಯವರ ಜತೆಗಲ್ಲವೇ! ಇನ್ನೊಬ್ಬ ಎಡಗೈ ಆಟಗಾರ ಸಿಕ್ಕರೆ ಅಭ್ಯಾಸಕ್ಕೆ ಜೋಡಿ ಮಾಡಿ. ಡಬಲ್ಸ್‌ಗಾದರೆ ಬಲಗೈ ಜೊತೆಗಾರರನ್ನು ಹುಡುಕಿ. ಟೆನಿಸ್‌ನ ಬ್ರಯನ್ ಅವಳಿಗಳಲ್ಲಿ ಬಾಬ್ ಎಡಗೈ, ಮೈಕ್ ಬಲಗೈ.

ಹಂತ 7: ಕೈ ಬದಲಿಸುವ ಮಾತು ಬಂದಾಗ

ಡೇವಿಡ್ ವಾರ್ನರ್ ಹದಿಮೂರರ ವಯಸ್ಸಿನಲ್ಲಿ ಚೆಂಡನ್ನು ಗಾಳಿಯಲ್ಲಿ ಹೊಡೆಯುತ್ತಾರೆಂದು ಕೋಚ್ ಬಲಗೈ ಬ್ಯಾಟಿಂಗ್‌ಗೆ ಬದಲಿಸಿದ್ದರು. ಮುಂದಿನ ಋತುವಿನಲ್ಲಿ ಎಡಗೈಗೇ ಮರಳು ಎಂದದ್ದು ತಾಯಿ. ಕೋಚ್ ಬದಲಿಸಬೇಕೆಂದರೆ ಕಾರಣ ಕೇಳಿ. ‘ಹೇಳಿಕೊಡಲು ನನಗೆ ಸುಲಭ’ ಅಥವಾ ‘ಫೀಲ್ಡರ್‌ಗಳನ್ನು ಪದೇ ಪದೇ ಬದಲಿಸಬೇಕು’ ಎಂಬ ಕಾರಣಗಳು ಸಾಲವು. ಬಲಗೈಯವರ ತಂಡಕ್ಕೆ ಒಬ್ಬ ಎಡಗೈ ಬ್ಯಾಟರ್ ಬೇಕು ಎಂದು ನೀವೇ ಬಲಗೈ ಮಗುವನ್ನು ತಿರುಗಿಸಿ ನಿಲ್ಲಿಸುವುದೂ ಇದೇ ಸಾಲಿಗೆ ಸೇರುತ್ತದೆ.

ಮಗುವೇ ಬಂದು ‘ಅಪ್ಪಾ, ಆ ಕಡೆಯಿಂದ ಆಡಿ ನೋಡ್ಲಾ?’ ಎಂದರೆ ಕಥೆ ಬೇರೆ. ಪಂದ್ಯಗಳಿಲ್ಲದ ತಿಂಗಳುಗಳಲ್ಲಿ, ಹಗುರ ಬ್ಯಾಟು, ಮೆತ್ತನೆಯ ಚೆಂಡು ಕೊಟ್ಟು, ಎರಡೂ ಕಡೆಯಿಂದ ಆಡಲು ಬಿಡಿ. ಸ್ಕೋರ್ ಬರೆಯಬೇಡಿ. ಆಯಾಸವಾದಾಗ ಯಾವ ಕಡೆಗೆ ತಾನಾಗಿ ಮರಳುತ್ತದೆ ಎಂದು ನೋಡಿ, ಋತು ಶುರುವಾಗುವ ಮೊದಲು ಮಗುವಿನ ಜತೆ ಕೂತು ತೀರ್ಮಾನಿಸಿ. ಅಲ್ಲಿಯವರೆಗೆ ಹೊಸ ಗ್ಲೌಸ್ ಕೊಳ್ಳಬೇಡಿ.