ಚಪ್ಪರದ ದೀಪ ಮತ್ತು 8 ಮಿಲಿಮೀಟರ್ ತೂತು

ಪಂಚ್ ಇಟ್ಟು ಗುರುತು ಹಾಕಿದ ಮೇಲೂ ಬೈರಿಗೆಯನ್ನು ಮೂರು ಸಲ ಎತ್ತಿ ಕೆಳಗಿಟ್ಟೆ. ಗೋಡೆಗೆ ತಪ್ಪು ತೂತು ಬಿದ್ದರೆ ಸಿಮೆಂಟು ಮೆತ್ತಬಹುದು. ಗಾಡಿಯ ಮೈಗೆ ಬಿದ್ದ ತಪ್ಪು ತೂತು ಅದರ ಆಯುಷ್ಯದವರೆಗೂ ನಮ್ಮನ್ನು ನೋಡಿಕೊಂಡೇ ಇರುತ್ತದೆ. ಅಂಥದ್ದೊಂದು ತೂತು ಆಗಲೇ ನನ್ನ ಗಾಡಿಯಲ್ಲಿತ್ತು, ಅದನ್ನು ಕೊರೆದವನೂ ನಾನೇ.

ಹತ್ತು ವರ್ಷ ಬಾಡಿಗೆಗೆ ಓಡಿದ ಟೆಂಪೋ ಟ್ರಾವೆಲರ್ ಅದು. ಸೀಟು ಕಿತ್ತು ಮಂಚ, ಒಲೆಕಟ್ಟೆ, ನೀರಿನ ಟ್ಯಾಂಕು ಕೂಡಿಸಿ ಮನೆ ಮಾಡಿಕೊಂಡೆವು. (ಹೀಗೆ ಮಾಡುವವರು ಮೊದಲು ಸಾರಿಗೆ ಕಚೇರಿಯ ಅನುಮತಿ ಪಡೆದು ಆರ್‌ಸಿ ಸರಿಪಡಿಸಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಈ ವಿಷಯದಲ್ಲಿ ಖಡಕ್ಕಾಗಿದೆ.) ಆಲಮಟ್ಟಿಯ ಹಿನ್ನೀರಿಗೆ ಹಳೆಯ ಬಾಗಲಕೋಟೆಯ ಮನೆ ಬಿಟ್ಟು ನವನಗರಕ್ಕೆ ಬಂದವರು ನಾವು. ಮನೆಯನ್ನು ಗಾಲಿಯ ಮೇಲೆ ಇಡುವ ಯೋಚನೆ ನನಗೆ ಎಲ್ಲಿಂದ ಬಂತು ಎಂದು ನಮ್ಮ ತಾಯಿ ಒಮ್ಮೆಯೂ ಕೇಳಿಲ್ಲ.

ಗಾಡಿಯ ಎಡಬದಿಗೆ, ಬಾಗಿಲಿನ ಮೇಲೆ, ಸುರುಳಿ ಬಿಚ್ಚಿ ಎಳೆಯುವ ಬಟ್ಟೆಯ ನೆರಳಿದೆ. ಮಾರುವವರು ಅದನ್ನು ಆನಿಂಗ್ ಎನ್ನುತ್ತಾರೆ, ನಮಗೆ ಅದು ಚಪ್ಪರ. ಸಂಜೆಯಾದರೆ ಹೆಂಡತಿ ಒಲೆಯನ್ನು ಹೊರಗೆ ಇಳಿಸಿ ಚಪ್ಪರದ ಕೆಳಗೆ ರೊಟ್ಟಿ ಬಡಿಯುತ್ತಾಳೆ. ಮೊಬೈಲ್ ಟಾರ್ಚನ್ನು ಹಲ್ಲಿನಲ್ಲಿ ಕಚ್ಚಿಕೊಂಡು ನಾನು ಬೆಳಕು ಹಿಡಿಯುವುದು ಎಷ್ಟು ದಿನ ನಡೆದೀತು? ಅಲ್ಲಿಗೊಂದು ದೀಪ ಬೇಕೇ ಬೇಕಾಯಿತು.

ಮೊದಲ ಸಲ ಮಾಡಿದ್ದು ಅರ್ಧ ಗಂಟೆಯ ಕೆಲಸ. ಅಂಟಿಸುವ ಎಲ್‌ಇಡಿ ಪಟ್ಟಿ ತಂದೆ, ತೂತು ಕೊರೆದೆ, ವೈರು ತೂರಿಸಿದೆ, ಬಚ್ಚಲುಮನೆಗೆ ತಂದಿದ್ದ ಸಿಲಿಕೋನ್ ಸುತ್ತಲೂ ಬಳಿದೆ. ಹುಣಸೆ ಗಿಡದ ಕೆಳಗೆ ಗಾಡಿ ನಿಲ್ಲಿಸಿ ದೀಪ ಹಾಕಿದಾಗ ಹಬ್ಬದಂತಿತ್ತು. ಆ ಹಬ್ಬ ಮುಗಿದದ್ದು ಕೂಡಲಸಂಗಮದಿಂದ ಮರಳುವಾಗ. ಒಂದು ತಾಸಿನ ದಾರಿ, ಎದುರಿನ ಲಾರಿಗಳೆಲ್ಲ ಹೆಡ್‌ಲೈಟ್ ಮಿನುಗಿಸುತ್ತಿದ್ದವು. ಮನೆ ಮುಂದೆ ಇಳಿದು ನೋಡಿದರೆ ಚಪ್ಪರದ ದೀಪ ಇಡೀ ದಾರಿ ಉರಿದಿತ್ತು, ಪಟ್ಟಿಯ ಅರ್ಧ ಭಾಗ ಕಪ್ಪಾಗಿತ್ತು.

ಅಗ್ಗದ ಪಟ್ಟಿಯಲ್ಲಿ ಮೂರು ಮೂರು ಎಲ್‌ಇಡಿಗಳ ಸಾಲಿಗೆ ಕರೆಂಟಿಗೆ ತಡೆ ಹಾಕುವ ಒಂದೊಂದು ರೆಸಿಸ್ಟರ್ ಮಾತ್ರ ಇರುತ್ತದೆ. 12 ವೋಲ್ಟ್ ಇದ್ದಾಗ ಮೂರು ಎಲ್‌ಇಡಿಗಳಿಗೆ ಸುಮಾರು 9.6 ಹೋಗಿ 2.4 ರೆಸಿಸ್ಟರಿಗೆ ಉಳಿಯುತ್ತದೆ. ಎಂಜಿನ್ ಓಡುವಾಗ ಬ್ಯಾಟರಿ ತುಂಬಿಸುವ ಆಲ್ಟರ್ನೇಟರ್ 14.4 ವೋಲ್ಟ್ ಕೊಟ್ಟರೆ ರೆಸಿಸ್ಟರಿನ ಪಾಲಿಗೆ 4.8 ಬರುತ್ತದೆ, ಅಂದರೆ ಹರಿಯುವ ಕರೆಂಟು ಹೆಚ್ಚು ಕಡಿಮೆ ಇಮ್ಮಡಿ. ಇದು ಪಟ್ಟಿ ಮಾರಿದವನ ತಪ್ಪೂ ಅಲ್ಲ. ಗೋಡೆಯ ಅಡಾಪ್ಟರಿಗೆ ಹುಟ್ಟಿದ ವಸ್ತುವನ್ನು ಗಾಡಿಗೆ ಕಟ್ಟಿದವನು ನಾನು.

ದೀಪ ಹೋದದ್ದು ಸಣ್ಣ ನಷ್ಟ. ಹಸ್ತ ಮಳೆ ನಾಲ್ಕು ದಿನ ಹಿಡಿದಾಗ ಬಾಗಿಲ ಮೇಲಿನ ಪ್ಲೈವುಡ್ ಹಪ್ಪಳದಂತೆ ಉಬ್ಬಿತು. ಹಲಗೆ ಬಿಚ್ಚಿದರೆ ತೂತಿನ ಸುತ್ತ ಎರಡು ರೂಪಾಯಿ ನಾಣ್ಯದಷ್ಟು ಅಗಲ ತುಕ್ಕು. ಹಚ್ಚುವಾಗ ವಿನಿಗರ್ ವಾಸನೆ ಬರುವ ಸಿಲಿಕೋನ್ ಗಟ್ಟಿಯಾಗುತ್ತ ಅಸಿಟಿಕ್ ಆಮ್ಲ ಬಿಡುತ್ತದೆ. ಬರಿಯ ತಗಡಿಗೆ ಅದು ಔಷಧವಲ್ಲ, ವಿಷ. ತೂತಿನ ಅಂಚಿಗೆ ನಾನು ಬಣ್ಣವನ್ನೂ ಹಚ್ಚಿರಲಿಲ್ಲ. ಅದನ್ನು ಉಜ್ಜಿ, ತೇಪೆ ಹಾಕಿ, ಬಣ್ಣ ಬಳಿಸುವುದರಲ್ಲಿ ದೀಪಾವಳಿ ಬಂತು.

ಎರಡನೆಯ ಸಲ ದೀಪ ಆಯ್ದುಕೊಳ್ಳುವುದಕ್ಕೇ ವಾರ ತೆಗೆದುಕೊಂಡೆ. 10ರಿಂದ 30 ವೋಲ್ಟಿನವರೆಗೆ ತಾಳುವ, ಒಳಗೇ ಕರೆಂಟ್ ನಿಯಂತ್ರಿಸುವ ಸರ್ಕಿಟ್ ಇರುವ, ನೀರು ಧೂಳು ಒಳಹೋಗದ ಐಪಿ67 ಗುರುತಿನ, ಮೊಳದುದ್ದದ ಅಲ್ಯೂಮಿನಿಯಂ ದೀಪ. 6 ವಾಟ್, ಅಂದರೆ ಅರ್ಧ ಆಂಪಿಯರ್. ಐದು ತಾಸು ಉರಿದರೂ 100 ಆಂಪಿಯರ್-ಅವರ್ ಬ್ಯಾಟರಿಯಿಂದ ಎರಡೂವರೆ ಹೋಗುತ್ತದೆ, ಅಷ್ಟೇ. ಬಣ್ಣ ಹಳದಿ, 2700 ಕೆಲ್ವಿನ್. ಹಳೆಯ ಪಟ್ಟಿ ನೀಲಿಬಿಳಿ ಇತ್ತು. ಹುಳುಗಳ ಕಣ್ಣಿಗೆ ನೀಲಿ ಮತ್ತು ಅದರಾಚೆಯ ನೇರಳಾತೀತ ಬೆಳಕೇ ಹೆಚ್ಚು ಸೆಳೆತ. ಮಳೆ ನಿಂತ ಸಂಜೆ ಮಳೆಹುಳುಗಳು ರೆಕ್ಕೆ ಉದುರಿಸಿಕೊಂಡು ಎಣ್ಣೆಗಾಯಿಯ ಬುಟ್ಟಿಗೆ ಬಿದ್ದದ್ದನ್ನು ಕಂಡ ಮೇಲೆ ಮನೆಯಲ್ಲಿ ಆ ಬಣ್ಣದ ಮಾತು ಎತ್ತುವ ಧೈರ್ಯ ನನಗಿರಲಿಲ್ಲ. ಹಳದಿಗೂ ಹುಳು ಬರುತ್ತವೆ, ಆದರೆ ಊಟ ಮಾಡಬಹುದು.

ಇನ್ನು ತೂತು. ಹೊರಗಿನಿಂದ ನೋಡಿ ಜಾಗ ನಿರ್ಧರಿಸಬಾರದು. ಒಳಗಿನ ಹಲಗೆ ಬಿಚ್ಚಿ, ತಗಡಿನ ಹಿಂದೆ ಅಡ್ಡಪಟ್ಟಿ ಎಲ್ಲಿದೆ, ಹಳೆಯ ವೈರಿನ ಕಟ್ಟು ಎಲ್ಲಿ ಹಾದಿದೆ ನೋಡಿ, ಕಿಟಕಿಯ ಅಂಚಿನಿಂದ ಅಳೆದು ಆ ಅಳತೆಯನ್ನು ಹೊರಗೆ ಒಯ್ಯಬೇಕು. ದೀಪದ ಬೆನ್ನಿನ ಮಧ್ಯಕ್ಕೆ ಬರುವಂತೆ, ಚಪ್ಪರದ ಪೆಟ್ಟಿಗೆಯಿಂದ ನಾಲ್ಕು ಬೆರಳು ಕೆಳಗೆ ನಾನು ಗುರುತು ಹಾಕಿದೆ. ಬ್ಯಾಟರಿಯ ನೆಗೆಟಿವ್ ಬಿಚ್ಚಿಟ್ಟೆ. ಬಣ್ಣ ಸಿಡಿಯದಿರಲೆಂದು ಕಾಗದದ ಟೇಪು, ಅದರ ಮೇಲೆ ಪಂಚಿನ ಏಟು. ಬೈರಿಗೆಯ ಮೊನೆಗೆ ಪ್ಲಾಸ್ಟಿಕ್ ಕೊಳವೆಯ ತುಂಡು ತೊಡಿಸಿ 1 ಸೆಂಟಿಮೀಟರ್ ಮಾತ್ರ ಹೊರಗೆ ಬಿಟ್ಟೆ, ತಗಡು ತೂತಾದ ಕೂಡಲೇ ಒಳಕ್ಕೆ ನುಗ್ಗಿ ಏನನ್ನೂ ಕಡಿಯದಂತೆ. ಮೊದಲು 3 ಮಿಲಿಮೀಟರ್, ಆಮೇಲೆ 8.

ಉದುರಿದ ಕಬ್ಬಿಣದ ಪುಡಿಯನ್ನು ಅಯಸ್ಕಾಂತದಿಂದ ಎತ್ತಬೇಕು, ಒರೆಸಬಾರದು. ಒರೆಸಿದರೆ ಬಣ್ಣ ಗೀರಿಕೊಳ್ಳುತ್ತದೆ, ಉಳಿದ ಪುಡಿ ಮೊದಲ ಇಬ್ಬನಿಗೇ ಕೆಂಪು ಚುಕ್ಕೆಯಾಗುತ್ತದೆ. ಗುಂಡು ಅರದಿಂದ ಅಂಚಿನ ಮುಳ್ಳು ಸವರಿ, ಸತುವಿನ ಪ್ರೈಮರ್ ಹಚ್ಚಿ, ಒಂದು ರಾತ್ರಿ ಬಿಟ್ಟೆ. ಆ ರಾತ್ರಿ ಬಿಡುವುದೇ ಕಷ್ಟ. ಕೈ ತುರಿಸುತ್ತಿರುತ್ತದೆ.

ಮರುದಿನ ತೂತಿನ ಅಂಚು ವೈರನ್ನು ಕೊಯ್ಯದಂತೆ ಕಾಯುವ ರಬ್ಬರ್ ಬಳೆ, ಅಂದರೆ ಗ್ರೋಮೆಟ್, ಕೂಡಿಸಿದೆ. ವೈರು ದೀಪದಿಂದ ನೇರವಾಗಿ ತೂತಿಗೆ ಹೋಗಬಾರದು. ಒಮ್ಮೆ ಕೆಳಗಿಳಿದು ಬಾಗಿ ಮತ್ತೆ ಮೇಲೇರಿ ಒಳಹೋಗಬೇಕು. ವೈರು ಹಿಡಿದು ಬಂದ ನೀರು ಆ ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ದೀಪದ ಬೆನ್ನಿಗೆ ಸಂದು ಮುಚ್ಚುವ ಪಾಲಿಯುರೇಥೇನ್ ಸೀಲಂಟ್. ಅದರ ಬೆಲೆ ದೀಪದ ಬೆಲೆಗೆ ಸಮೀಪವಿತ್ತು, ಜಿಪುಣತನ ಮಾಡಲಿಲ್ಲ. ಮೇಲಂಚು ಮತ್ತು ಎರಡು ಪಕ್ಕಗಳಿಗೆ ಮಾತ್ರ ಹಚ್ಚಿ ಕೆಳಗಿನ ಅಂಚನ್ನು ಬಿಟ್ಟೆ, ಹೇಗೋ ಹಿಂದೆ ಸೇರಿದ ನೀರಿಗೆ ಹೊರಹೋಗುವ ದಾರಿ ಇರಲಿ ಎಂದು. ಈ ಸೀಲಂಟ್ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ನಮ್ಮ ಒಣಹವೆಯಲ್ಲಿ ನಿಧಾನ, ಮೂರು ದಿನ ಮುಟ್ಟಲಿಲ್ಲ.

ವೈರಿಂಗ್ ಇದರ ಮುಂದೆ ಸುಲಭ. 1.5 ಚದರ ಮಿಲಿಮೀಟರಿನ ಎಳೆತಾಮ್ರದ ವೈರು, ಹೋಗಿ ಬರಲು 12 ಮೀಟರ್. ಅರ್ಧ ಆಂಪಿಯರಿಗೆ ಇದರಲ್ಲಿ ಹತ್ತನೆಯ ಒಂದು ವೋಲ್ಟೂ ಕಳೆಯುವುದಿಲ್ಲ. ಇನ್ನೂ ಸಣ್ಣದು ಸಾಲುತ್ತಿತ್ತು, ಆದರೆ ನಮ್ಮ ರಸ್ತೆಯ ಅದುರಿಗೆ ದಪ್ಪದ್ದೇ ವಾಸಿ. 3 ಆಂಪಿಯರ್ ಫ್ಯೂಸನ್ನು ಬ್ಯಾಟರಿಯ ಗೇಣಿನೊಳಗೆ ಹಾಕಿದೆ. ಹಲವರು ಅದನ್ನು ದೀಪದ ಹತ್ತಿರ ಹಾಕುತ್ತಾರೆ. ಫ್ಯೂಸ್ ಕಾಯಬೇಕಾದದ್ದು ವೈರನ್ನು. ನಡುದಾರಿಯಲ್ಲಿ ವೈರು ಸವೆದು ಗಾಡಿಯ ಮೈಗೆ ತಾಗಿದರೆ ದೀಪದ ಬಳಿಯ ಫ್ಯೂಸ್ ಸುಮ್ಮನೆ ನೋಡುತ್ತ ಕೂರುತ್ತದೆ. ಕೂಡುವಲ್ಲೆಲ್ಲ ಲೋಹದ ತುದಿಯನ್ನು ಇಕ್ಕಳದಿಂದ ಒತ್ತಿ ಕ್ರಿಂಪ್ ಮಾಡಿ, ಬಿಸಿಗೆ ಕುಗ್ಗುವ ತೋಳು ತೊಡಿಸಿದೆ. ಕಪ್ಪು ಟೇಪಿನ ಅಂಟು ನಮ್ಮ ಮೇ ತಿಂಗಳಿಗೆ ಬೆಲ್ಲದ ಪಾಕದಂತೆ ಇಳಿಯುತ್ತದೆ.

ಲಾರಿಯವರ ಬೈಗುಳಕ್ಕೆ ಮದ್ದು ಐದು ಕಾಲಿನ ರಿಲೇ, ಅಂದರೆ ಕರೆಂಟಿನಿಂದಲೇ ಬದಲಾಗುವ ಸ್ವಿಚ್ಚು. ಅದರ 30ನೇ ಕಾಲಿಗೆ ಸ್ವಿಚ್ಚಿನಿಂದ ಬಂದ ವೈರು, 87ಎ ಕಾಲಿನಿಂದ ದೀಪಕ್ಕೆ. 86ಕ್ಕೆ ಇಗ್ನಿಷನ್ ಸಂಪರ್ಕ, 85 ನೆಗೆಟಿವ್‌ಗೆ. ಚಾವಿ ತಿರುಗಿಸಿದೊಡನೆ ರಿಲೇಯೊಳಗಿನ ತಂತಿಯ ಸುರುಳಿ ಎಳೆದು 87ಎ ಬಿಟ್ಟುಕೊಡುತ್ತದೆ, ದೀಪ ಆರುತ್ತದೆ. 87ಎ ಬದಲು 87ಕ್ಕೆ ಕೊಟ್ಟರೆ ಚಾವಿ ಹಾಕಿದಾಗ ಮಾತ್ರ ಉರಿಯುತ್ತದೆ. ನಾನು ಮೊದಲು ಹಾಗೆಯೇ ಕೊಟ್ಟು, ಕತ್ತಲಲ್ಲಿ ಕೂತು ಹೊಸ ದೀಪವೂ ಸತ್ತಿತೆಂದು ಕಾಲು ತಾಸು ಶಪಿಸಿದೆ.

ಕೊನೆಗೆ ಒಳಹಲಗೆ ಮುಚ್ಚುವ ಮೊದಲು ತೂತಿನ ಕೆಳಗೆ ದಿನಪತ್ರಿಕೆ ಹಾಸಿ, ಹೊರಗಿನಿಂದ ಹತ್ತು ನಿಮಿಷ ಪೈಪಿನಲ್ಲಿ ನೀರು ಬಿಟ್ಟೆ. ಪತ್ರಿಕೆ ಒಣಗಿಯೇ ಇತ್ತು.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ ಜಾತ್ರೆಗೆ ಗಾಡಿ ಒಯ್ದೆವು. ನಾಟಕ ಕಂಪನಿಗಳ ಮೈಕು ರಾತ್ರಿಯಿಡೀ ಕೂಗುತ್ತಿರುವ ಮೈದಾನದಿಂದ ಸ್ವಲ್ಪ ದೂರ ನಿಲ್ಲಿಸಿ ಚಪ್ಪರ ಎಳೆದು ದೀಪ ಹಾಕಿದೆ. ಹಳದಿ ಬೆಳಕಿನಲ್ಲಿ ರೊಟ್ಟಿ ಉಬ್ಬುವುದು ಕಾಣುತ್ತಿತ್ತು. ಮೊದಲ ಆಟ ಬಿಟ್ಟು ಬಂದ ನಾಲ್ಕು ಜನ ನೇರವಾಗಿ ಚಪ್ಪರದ ಕೆಳಗೆ ಬಂದು, ನಮ್ಮ ಕುರ್ಚಿ ಎಳೆದುಕೊಂಡು ಕೂತು, ಎರಡು ರೊಟ್ಟಿ ಊಟ ಎಷ್ಟು ಎಂದು ಕೇಳಿದರು. ಇದು ಖಾನಾವಳಿಯಲ್ಲ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ತಾಟು ಇಟ್ಟಾಗಿತ್ತು.