ನೀಲವ್ವನ ಕೈಗೆ ಚಾವಿ ಕೊಟ್ಟೆ

ಮುಂದೆಂದೋ ಬರುವ ಮುಂಬೈ. ಜನರನ್ನು ಹಿಂಡುವ ಆಡಳಿತ. ಅದಕ್ಕೆ ಎದುರು ನಿಲ್ಲುವ 16ರ ಹುಡುಗಿ ನೀಲವ್ವ. ಹದಿಹರೆಯದವರಿಗಾಗಿ ಇಂಥದ್ದೊಂದು ಡಿಸ್ಟೋಪಿಯಾ, ಅಂದರೆ ಕೆಟ್ಟುಹೋದ ನಾಳೆಯನ್ನು ಕಲ್ಪಿಸುವ ಕಾದಂಬರಿ ಬರೆದಿದ್ದೇನೆ. ನಮ್ಮ ಮಕ್ಕಳು ಇಂಥವನ್ನು ಇಂಗ್ಲಿಷಿನಲ್ಲಿ ಮುಗಿಬಿದ್ದು ಓದುತ್ತಾರೆ. ಕನ್ನಡದಲ್ಲೂ ಓದಲಿ ಅನ್ನುವುದು ನನ್ನ ಆಸೆ. ಬರೆಯುತ್ತಾ ಒಂದು ಮಾತು ನನಗೆ ಖಾತ್ರಿಯಾಯಿತು. ಕ್ರೂರ ಸರ್ಕಾರವೊಂದನ್ನು ತಲೆಯಿಂದ ಹುಟ್ಟಿಸಬೇಕಾಗಿಲ್ಲ. ನಾವಿರುವ ಊರಿನ ಒಂದೇ ಒಂದು ನಿಯಮವನ್ನು ಹಿಡಿದು ಸ್ವಲ್ಪ ಬಿಗಿ ಮಾಡಿದರೆ ಸಾಕು.

ನಾನು ಹಿಡಿದದ್ದು ನೀರನ್ನು. ನಾನಿರುವುದು ಮುಂಬೈನ ಭಾಂಡುಪ್‌ನಲ್ಲಿ, ಹಾಗಾಗಿ ದೂರ ಹೋಗಬೇಕಾಗಲಿಲ್ಲ. ಮುಂಬೈಗೆ ಏಳು ಜಲಾಶಯಗಳಿಂದ ನೀರು ಬರುತ್ತದೆ. ವಿಹಾರ್ 1860ರದ್ದು, ಊರಿನೊಳಗೇ ಇದೆ. ಭಾತ್ಸಾ, ವೈತರಣಾ, ತಾನಸಾ ಎಲ್ಲಾ ದೂರದವು. ನೀರು ಶುದ್ಧ ಮಾಡುವ ದೊಡ್ಡ ಘಟಕ ನಮ್ಮ ಭಾಂಡುಪ್‌ನಲ್ಲೇ ಇದೆ. ಆದರೂ ನಲ್ಲಿಯಲ್ಲಿ ನೀರು ಬರುವುದು ಹೊತ್ತು ನೋಡಿಕೊಂಡೇ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿ.ಮೀ. ಮಳೆ ಸುರಿದ ಊರು ಇದು. ಇಲ್ಲಿ ಕೊಡ ಹಿಡಿದು ಕಾಯುವ ಹೆಂಗಸರನ್ನು ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ನಿಯಮವೂ ಇಲ್ಲೇ ಸಿಕ್ಕಿತು. ಒಂದು ಕಟ್-ಆಫ್ ತಾರೀಖಿನ ನಂತರ ಎದ್ದ ಝೋಪಡಪಟ್ಟಿಗೆ ಇಲ್ಲಿ ನೀರಿನ ಕನೆಕ್ಷನ್ ಸಿಗುತ್ತಿರಲಿಲ್ಲ. ಆ ತಾರೀಖು ಮೊದಲು 1995 ಇತ್ತು, ಆಮೇಲೆ 2000 ಆಯಿತು. ನೀರು ಬದುಕುವ ಹಕ್ಕಿಗೇ ಸೇರಿದ್ದು, ಅವರಿಗೂ ಕೊಡಬೇಕು ಎಂದು ಬಾಂಬೆ ಹೈಕೋರ್ಟ್ ಹೇಳಿದ್ದು 2014ರ ಡಿಸೆಂಬರಿನಲ್ಲಿ. ಇದನ್ನು ಓದಿದ ದಿನವೇ ಕಾದಂಬರಿಯ ಬೆನ್ನೆಲುಬು ಸಿಕ್ಕಿತು. ಆ ತಾರೀಖನ್ನು ಮನೆಯಿಂದ ಎತ್ತಿ ಮನುಷ್ಯರ ಮೇಲೆ ಇಟ್ಟೆ. ನನ್ನ ಕಥೆಯ ಮುಂಬೈಯಲ್ಲಿ ಒಂದು ದಿನಾಂಕದ ನಂತರ ಹುಟ್ಟಿದವರಿಗೆ ನೀರಿನ ಪಾಲೇ ಇಲ್ಲ. ನೀಲವ್ವನಿಗೆ ನೀರಿನ ಪಾಲಿನ ಕಾರ್ಡ್ ಇದೆ. ಅವಳ ತಮ್ಮನಿಗೆ ಇಲ್ಲ. ಅವಳ ಒಂದು ಬಕೆಟ್‌ನಲ್ಲೇ ಅವನೂ ಬದುಕಬೇಕು. ಇಷ್ಟು ಸಿಕ್ಕ ಮೇಲೆ ಸೈನಿಕರು, ಕ್ಯಾಮೆರಾ, ದೊಡ್ಡ ಗೋಡೆ ಯಾವುದೂ ಬೇಕಾಗಲಿಲ್ಲ.

ಇನ್ನು ನಾಯಕಿ. ಗಟ್ಟಿ ಹುಡುಗಿ ಅಂದ ತಕ್ಷಣ ಹೊಡೆದಾಡುವವಳನ್ನೇ ಬರೆಯುತ್ತಾರೆ. ನನಗೆ ಕೆಲಸ ಬಲ್ಲ ಹುಡುಗಿ ಬೇಕಿತ್ತು. ಮುಂಬೈಯಲ್ಲಿ ಚಾವಿವಾಲಾಗಳು ಅಂತ ಇದ್ದಾರೆ. ಯಾವ ಗಲ್ಲಿಗೆ ಎಷ್ಟು ಹೊತ್ತಿಗೆ ನೀರು ಅನ್ನುವುದು ಅವರ ಕೈಯಲ್ಲಿರುತ್ತದೆ. ರಸ್ತೆಯ ಮುಚ್ಚಳ ತೆಗೆದು, ಉದ್ದನೆಯ ಕಬ್ಬಿಣದ ಚಾವಿಯನ್ನು ಒಳಗಿನ ವಾಲ್ವ್‌ಗೆ ಕೂರಿಸಿ, ಸುತ್ತು ಎಣಿಸುತ್ತಾ ತಿರುಗಿಸುತ್ತಾರೆ. ನಮ್ಮ ರಸ್ತೆಗೆ ಬರುವವರ ಹಿಂದೆ ನಿಂತು ನೋಡಿದ್ದೇನೆ. ಒಬ್ಬರು ಮೈಭಾರ ಪೂರ್ತಿ ಚಾವಿಯ ಮೇಲೆ ಹಾಕುತ್ತಾರೆ. ಇನ್ನೊಬ್ಬರು ಎದುರಿಂದ ಎಳೆಯುತ್ತಾರೆ. ಮಧ್ಯೆ ಒಮ್ಮೆ ನಿಲ್ಲಿಸಿ, ಕಿವಿ ಕೆಳಗೆ ಮಾಡಿ ಕೇಳುತ್ತಾರೆ. ನೀರು ಹೊರಟ ಸದ್ದು ಬಂದ ಮೇಲೆ ಮತ್ತೆರಡು ಸುತ್ತು.

ನೀಲವ್ವನ ಅಪ್ಪ ಇಂಥ ಚಾವಿವಾಲಾ, ಕಲಬುರಗಿ ಕಡೆಯಿಂದ ದುಡಿಯಲು ಬಂದವನು. ಅವನ ಭುಜ ಸೋತು ಹೋದಾಗ "ಅಪ್ಪಾ, ನೀ ಕುಂದ್ರು, ನಾ ತಿರಗಸ್ತೀನಿ" ಅನ್ನುತ್ತಾಳೆ. ಆ ಒಂದು ಮಾತಿನಿಂದ ಅವಳು ನನ್ನ ಕಣ್ಣೆದುರು ಎದ್ದು ನಿಂತಳು. ನೆಲದಡಿಯ ಪೈಪುಗಳೆಲ್ಲ ಅವಳಿಗೆ ಬಾಯಿಪಾಠ. ಆಡಳಿತಕ್ಕೆ ಅವಳ ಭಯ ಹುಟ್ಟುವುದು ಇಲ್ಲಿಂದ.

ಹುಡುಗಿಯ ಕೈಗೆ ಕೆಲಸ ಕೊಟ್ಟರೆ ಕಥೆ ತಾನೇ ನಡೆಯುತ್ತದೆ, ಬರೆಯುವವರಿಗೆ ನಾನು ಹೇಳುವುದು ಇದನ್ನೇ. ಪೈಪಿನಲ್ಲಿ ಒತ್ತಡ ಇರುವುದೇ ಇಷ್ಟು ಅಂತ ತಾನೆ? ಒಂದು ಗಲ್ಲಿಗೆ ಜಾಸ್ತಿ ಬಿಟ್ಟರೆ ಇನ್ನೊಂದು ಗಲ್ಲಿಯ ನಲ್ಲಿ ಒಣಗುತ್ತದೆ. ತಮ್ಮನಿಗಾಗಿ ಎರಡು ಸುತ್ತು ಹೆಚ್ಚಿಗೆ ತಿರುಗಿಸಿದರೆ, ಗುಡ್ಡದ ಮೇಲಿನ ಗೆಳತಿಯ ಮನೆಗೆ ನೀರು ಏರುವುದಿಲ್ಲ. ಅವಳಿಗೆ ಇದು ಚೆನ್ನಾಗಿ ಗೊತ್ತು. ಖಳನಾಯಕನನ್ನು ತಂದು ಕೂರಿಸುವುದಕ್ಕಿಂತ ಈ ಇಕ್ಕಟ್ಟು ನನಗೆ ಎಷ್ಟೋ ದೊಡ್ಡದಾಗಿ ಕಂಡಿತು. ಕಾದಂಬರಿಯ ನಡುಭಾಗ ಪೂರ್ತಿ ಇದರ ಮೇಲೇ ನಿಂತಿದೆ.

ಕರಡನ್ನು ಅಕ್ಕಪಕ್ಕದ ಕನ್ನಡದ ಹುಡುಗಿಯರಿಗೆ ಭಾನುವಾರಗಳಲ್ಲಿ ಓದಿ ಹೇಳುತ್ತಿದ್ದೆ. ಮನೆಯಲ್ಲಿ ಕನ್ನಡ, ರಸ್ತೆಯಲ್ಲಿ ಮರಾಠಿ-ಹಿಂದಿ, ಶಾಲೆಯಲ್ಲಿ ಇಂಗ್ಲಿಷ್ ಇರುವ ಮಕ್ಕಳು. ಪಾಲಿಕೆಯ ಕನ್ನಡ ಶಾಲೆಗೆ ಹೋದವರೂ ಇದ್ದರು. ಕೇಳಿದರೆ ಎಲ್ಲಾ ಅರ್ಥ ಆಗುತ್ತದೆ, ಓದುವಾಗ ಮಾತ್ರ ನಿಧಾನ. ಅದಕ್ಕೇ ವಾಕ್ಯ ಚಿಕ್ಕದು, ಅಧ್ಯಾಯ ಚಿಕ್ಕದು. ನೀಲವ್ವನೇ ತನ್ನ ಕಥೆ ಹೇಳುತ್ತಾಳೆ, 'ನಾನು' ಅಂತ.

ಒಂದು ಸಲ ಎಂಟನೇ ಕ್ಲಾಸಿನ ಹುಡುಗಿಯೊಬ್ಬಳು ಕೇಳಿದಳು: "ಆಂಟಿ, ಒಂದೇ ಬಕೆಟ್ ನೀರು ಅಂದ್ರೆ, ಮುಟ್ಟಾದಾಗ ಅವಳು ಏನ್ ಮಾಡ್ತಾಳೆ?" ಉಳಿದವರೆಲ್ಲ ತಲೆ ತಗ್ಗಿಸಿದರು, ಆದರೆ ಉತ್ತರ ಎಲ್ಲರಿಗೂ ಬೇಕಿತ್ತು. ಆ ಪ್ರಶ್ನೆಗೆ ಒಂದು ಪೂರ್ತಿ ಅಧ್ಯಾಯವನ್ನೇ ಕೊಟ್ಟೆ. ಗಲ್ಲಿಯ ಹೆಂಗಸರು ತಿಂಗಳ ಆ ದಿನಗಳಿಗೆಂದು ತಮ್ಮ ಪಾಲಿನಿಂದ ಚೊಂಬು ಚೊಂಬು ನೀರು ಕೂಡಿಡುವ ಒಂದು ಡ್ರಮ್ ಇದೆ. ಅಲ್ಲಿ ಯಾರ ಕಾರ್ಡನ್ನೂ ಯಾರೂ ಕೇಳುವುದಿಲ್ಲ. ಆಡಳಿತಕ್ಕೆ ಎದುರಾಗಿ ಮೊದಲು ನಡೆಯುವ ಕೆಲಸ ಅದು, ಮತ್ತು ನನಗೆ ತುಂಬಾ ಇಷ್ಟವಾದ ಅಧ್ಯಾಯವೂ ಅದೇ.

ಕೊನೆಯಲ್ಲಿ ಕ್ರಾಂತಿ ಆಗುವುದಿಲ್ಲ. ಒಬ್ಬ ಹುಡುಗಿ ಇಡೀ ಮುಂಬೈಯನ್ನು ಉಳಿಸಿದಳು ಅಂದರೆ ಈ ಊರಿನ ಮಕ್ಕಳು ನಂಬುವುದಿಲ್ಲ. ನೀಲವ್ವ ತನಗೆ ಗೊತ್ತಿರುವ ವಾಲ್ವ್‌ಗಳ ಜಾಗ, ಅವುಗಳ ಸುತ್ತಿನ ಲೆಕ್ಕ ಎಲ್ಲವನ್ನೂ ಬೇರೆ ಗಲ್ಲಿಗಳ ಹುಡುಗಿಯರಿಗೆ ಕಲಿಸಲು ಶುರು ಮಾಡುತ್ತಾಳೆ. ಮೊದಲ ಪುಸ್ತಕ ಅಲ್ಲಿಗೆ ನಿಲ್ಲುತ್ತದೆ. ಎರಡನೆಯದನ್ನು ಗುಡ್ಡದ ಮೇಲಿನ ಗೆಳತಿಯ ಬಾಯಿಂದ ಹೇಳಿಸುತ್ತಿದ್ದೇನೆ. ಅವಳಿಗೆ ನೀಲವ್ವನ ಮೇಲೆ ಸಿಟ್ಟಿದೆ, ಆ ಸಿಟ್ಟಿಗೆ ಕಾರಣವೂ ಇದೆ.